ಟಾಕ್ ಕೊಟ್ಟ ಮೇಲೆ ಸ್ಲೈಡು, ಡೆಮೊ ಕೋಡು ಎರಡನ್ನೂ ಹಂಚಬೇಕಾ? ಎಲ್ಲಿ, ಹೇಗೆ?

ನೀವು ಕೇಳಿದ್ದು ಇಷ್ಟು: ಮುಂದಿನ ತಿಂಗಳು ಬೆಂಗಳೂರಿನಲ್ಲಿ ಪೈಥಾನ್ ಡೆವಲಪರ್‌ಗಳ ಮುಂದೆ ಮೊದಲ ಸಲ ಟಾಕ್ ಕೊಡುತ್ತಿದ್ದೀರಿ. ವಿಡಿಯೊ ಹೇಗೂ ಯೂಟ್ಯೂಬಿಗೆ ಬರುತ್ತದೆ, ಹಾಗಿದ್ದಾಗ ಸ್ಲೈಡನ್ನು ಬೇರೆಯಾಗಿ ಹಾಕಬೇಕಾ? ಹಾಕುವುದಾದರೆ ಎಲ್ಲಿ? ಅವಸರದಲ್ಲಿ ಬರೆದ ಡೆಮೊ ಕೋಡನ್ನು ಬೇರೆಯವರಿಗೆ ತೋರಿಸಲು ಸಂಕೋಚ, ಅದನ್ನೂ ಕೊಡಬೇಕಾ?

ಮೊದಲಿಗೆ, ಟಾಕ್ ಆಯ್ಕೆಯಾಗಿದ್ದಕ್ಕೆ ಅಭಿನಂದನೆ. ಎರಡನ್ನೂ ಹಾಕಿ. ಒಂದಕ್ಕೆ ಮಾತ್ರ ಸಮಯವಿದೆ ಅಂದರೆ ಡೆಮೊ ಕೋಡು ಹಾಕಿ. ನಾನು ಬ್ಯಾಕೆಂಡ್ ಕೆಲಸ ಮಾಡುವವನು. ಕೆಲವು ವರ್ಷಗಳಿಂದ ಇಂಥ ಕಾನ್ಫರೆನ್ಸ್‌ಗಳಲ್ಲಿ ಮಾತಾಡುತ್ತಿದ್ದೇನೆ, ಕೇಳಲು ಹೋಗಿದ್ದು ಅದಕ್ಕಿಂತ ಜಾಸ್ತಿ. ಕೇಳಿದ ಟಾಕ್‌ಗಳಲ್ಲಿ ಯಾವುವು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತಿವೆ ಎಂದು ನೋಡಿದರೆ, ಹೆಚ್ಚಿನವು ಕೋಡು ಕೈಗೆ ಸಿಕ್ಕ ಟಾಕ್‌ಗಳೇ.

ವಿಡಿಯೊ ಇದ್ದರೆ ಸಾಲದೇ ಅಂತ ಕೇಳಿದಿರಿ. ಸಾಲದು. ವಿಡಿಯೊ ಎಡಿಟ್ ಆಗಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕೇಳಿದವರಿಗೆ ಆಸಕ್ತಿ ಇರುವುದು ಅವತ್ತು ಸಂಜೆ. ವಿಡಿಯೊದಲ್ಲಿ ಕಾಣುವ ಕೋಡನ್ನು ಕಾಪಿ ಮಾಡಲು ಆಗುವುದಿಲ್ಲ. ಬೇಕಾದ ಒಂದು ಸಾಲು ಹುಡುಕಲು ಅರ್ಧ ಗಂಟೆ ಹಿಂದೆ ಮುಂದೆ ಎಳೆದಾಡಬೇಕು. ಕಣ್ಣು ಕಾಣದ ಡೆವಲಪರ್‌ಗಳ ಸ್ಕ್ರೀನ್ ರೀಡರ್ ವಿಡಿಯೊದೊಳಗಿನ ಅಕ್ಷರಗಳನ್ನು ಓದುವುದಿಲ್ಲ, ಆದರೆ ಸರಿಯಾಗಿ ಮಾಡಿದ ಪಿಡಿಎಫ್ ಓದುತ್ತದೆ. ಇನ್ನು ಹಾಲ್‌ನಲ್ಲಿ ಕೂತವರಷ್ಟೇ ನಿಮ್ಮ ಕೇಳುಗರಲ್ಲ. ಹಾವೇರಿಯಲ್ಲೋ ಬೀದರಿನಲ್ಲೋ ಓದುತ್ತಿರುವ ಹುಡುಗಿಗೆ ಟಿಕೆಟ್ಟು, ಬಸ್ ಚಾರ್ಜು, ಉಳಿಯುವ ಖರ್ಚು ಎಲ್ಲ ಸೇರಿ ಕೈಗೆಟುಕದೆ ಇರಬಹುದು. ಅವಳಿಗೆ ನಿಮ್ಮ ಟಾಕ್ ಅಂದರೆ ನೀವು ನೆಟ್‌ನಲ್ಲಿ ಬಿಟ್ಟುಹೋದದ್ದು ಮಾತ್ರ. ನಾನು ಹಂಚುವಾಗ ಅವಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಂಚುತ್ತೇನೆ.

ಟಾಕ್ ಮುಗಿದ ಮೇಲೆ ಹಾಕೋಣ ಅಂದುಕೊಳ್ಳಬೇಡಿ. ವೇದಿಕೆ ಹತ್ತುವ ಮೊದಲೇ ಹಾಕಿಬಿಡಿ. ಲಿಂಕನ್ನು ಮೊದಲ ಸ್ಲೈಡಿನಲ್ಲೂ ಕೊನೆಯ ಸ್ಲೈಡಿನಲ್ಲೂ ದೊಡ್ಡದಾಗಿ ಬರೆಯಿರಿ. ಮೊದಲೇ ತೋರಿಸಿದರೆ ಜನ ಪ್ರತಿ ಸ್ಲೈಡಿಗೂ ಫೋನ್ ಎತ್ತಿ ಫೋಟೊ ತೆಗೆಯುವುದು ಬಿಟ್ಟು ನಿಮ್ಮ ಮಾತು ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂತು ಅಕ್ಷರ ಕಾಣದವರು ತಮ್ಮ ಲ್ಯಾಪ್‌ಟಾಪಿನಲ್ಲೇ ತೆರೆದುಕೊಳ್ಳುತ್ತಾರೆ. ಕಾನ್ಫರೆನ್ಸ್‌ನವರದೇ ಪುಟವಿದ್ದರೆ ಅಲ್ಲೂ ಲಿಂಕು ಸೇರಿಸಿ. ಬ್ರಸೆಲ್ಸ್‌ನಲ್ಲಿ ಪ್ರತಿ ವರ್ಷ ನಡೆಯುವ ಓಪನ್ ಸೋರ್ಸ್ ಕಾನ್ಫರೆನ್ಸ್ ಫಾಸ್ಡೆಮ್‌ನಲ್ಲಿ ಇದು ಚೆನ್ನಾಗಿದೆ. ಪ್ರತಿ ಟಾಕ್‌ಗೂ ಒಂದು ಪುಟ, ಸ್ಲೈಡು ಅಲ್ಲೇ, ಆಮೇಲೆ ಬರುವ ವಿಡಿಯೊ ಕೂಡ ಅಲ್ಲೇ. ಹಳೆಯ ವರ್ಷಗಳ ಟಾಕ್ ಹುಡುಕಲು ನನಗೆ ಅಷ್ಟು ಸುಲಭ ಅನಿಸಿದ ಜಾಗ ಇನ್ನೊಂದಿಲ್ಲ.

ಈಗ ಎಲ್ಲಿ ಹಾಕಬೇಕು ಅನ್ನುವುದು. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಗೊತ್ತಿರಬೇಕು. 2006ರಲ್ಲಿ ಶುರುವಾದ, ಸ್ಲೈಡು ಹಂಚುವ ಸೈಟ್ ಸ್ಲೈಡ್‌ಶೇರ್ ಒಂದು ಕಾಲಕ್ಕೆ ಎಲ್ಲರ ಮನೆಮಾತು. 2012ರಲ್ಲಿ ಅದನ್ನು ಲಿಂಕ್ಡ್‌ಇನ್ ಕೊಂಡಿತು, 2020ರಲ್ಲಿ ಅದು ಸ್ಕ್ರಿಬ್ಡ್ ಅನ್ನುವ ಕಂಪನಿಯ ಕೈಗೆ ಹೋಯಿತು. ಇವತ್ತು ಅಲ್ಲಿಂದ ಸ್ಲೈಡು ಇಳಿಸಿಕೊಳ್ಳಲು ಲಾಗಿನ್ ಕೇಳುತ್ತದೆ. ಅಂಥದ್ದೇ ಇನ್ನೊಂದು ಸೈಟ್ ಸ್ಪೀಕರ್ ಡೆಕ್ ಕೆಲವು ವರ್ಷ, ಕೋಡು ಇಡುವ ಸೈಟ್ ಗಿಟ್‌ಹಬ್‌ನ ಕೈಯಲ್ಲಿತ್ತು, 2018ರಲ್ಲಿ ಅದನ್ನೂ ಬೇರೆಯವರಿಗೆ ಮಾರಿದರು. ಲ್ಯಾನ್ಯರ್ಡ್ ಅಂತ ಒಂದು ಇತ್ತು. ಕಾನ್ಫರೆನ್ಸ್‌ಗಳು, ಮಾತಾಡಿದವರು, ಸ್ಲೈಡಿನ ಲಿಂಕು ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಸೈಮನ್ ವಿಲಿಸನ್ ಮತ್ತು ನಟಾಲಿ ಡೌನ್ ಅನ್ನುವ ಡೆವಲಪರ್‌ಗಳು 2010ರಲ್ಲಿ ಕಟ್ಟಿದರು, 2013ರಲ್ಲಿ ಟಿಕೆಟ್ ಮಾರುವ ಈವೆಂಟ್‌ಬ್ರೈಟ್ ಕೊಂಡಿತು, ಆಮೇಲೆ ಅದು ಮುಚ್ಚಿಹೋಯಿತು. ಅದೇ ವಿಲಿಸನ್ ಈಗ ತಮ್ಮ ಟಾಕ್‌ಗಳನ್ನು ತಮ್ಮದೇ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ನನ್ನ ಸಲಹೆಯೂ ಅದೇ. ಮೂಲ ಪ್ರತಿ ನಿಮ್ಮದೇ ಡೊಮೈನ್‌ನಲ್ಲಿರಲಿ. ಡೊಮೈನ್‌ಗೆ ದುಡ್ಡು ಕೊಡುವುದು ಈಗ ಬೇಡ ಅನಿಸಿದರೆ ಗಿಟ್‌ಹಬ್‌ನವರೇ ಪುಕ್ಕಟೆ ವೆಬ್ ಪುಟ ಕೊಡುವ ಗಿಟ್‌ಹಬ್ ಪೇಜಸ್ ಸಾಕು. ಸ್ಪೀಕರ್ ಡೆಕ್‌ನಲ್ಲಿ ಇನ್ನೊಂದು ಪ್ರತಿ ಇಟ್ಟರೆ ತಪ್ಪೇನಿಲ್ಲ, ಆದರೆ ಸ್ಲೈಡಿನ ಮೇಲೆ ಬರೆಯುವ ವಿಳಾಸ ನಿಮ್ಮ ಹಿಡಿತದಲ್ಲಿ ಇರುವಂಥದ್ದೇ ಆಗಿರಲಿ.

ಚಿಕ್ಕ ಮಾಡಿದ ಲಿಂಕುಗಳನ್ನು ನಂಬಬೇಡಿ. ಗೂಗಲ್‌ನವರ ಗೂ.ಜಿಎಲ್ ಲಿಂಕುಗಳು ಹಳೆಯ ಸ್ಲೈಡುಗಳಲ್ಲಿ ತುಂಬಾ ಇವೆ. 2018ರಲ್ಲೇ ಆ ಸೇವೆ ನಿಲ್ಲಿಸುವುದಾಗಿ ಹೇಳಿದ್ದರು, 2025ರ ಆಗಸ್ಟ್‌ನಲ್ಲಿ ಬಳಕೆಯಲ್ಲಿಲ್ಲದ ಲಿಂಕುಗಳು ನಿಂತವು. ಕ್ಯೂಆರ್ ಕೋಡ್‌ನದೂ ಇದೇ ಕಥೆ. ಪುಕ್ಕಟೆ ಮಾಡಿಕೊಡುವ ಕೆಲವು ಸೈಟುಗಳು ಕೋಡಿನೊಳಗೆ ನಿಮ್ಮ ವಿಳಾಸದ ಬದಲು ತಮ್ಮ ವಿಳಾಸ ಇಡುತ್ತವೆ, ಸ್ವಲ್ಪ ದಿನ ಬಿಟ್ಟು ದುಡ್ಡು ಕೇಳುತ್ತವೆ. ಸ್ಕ್ಯಾನ್ ಮಾಡಿದಾಗ ನೇರ ನಿಮ್ಮ ವಿಳಾಸವೇ ಬರುತ್ತಾ ಅಂತ ನೋಡಿಕೊಳ್ಳಿ. ಗೂಗಲ್ ಸ್ಲೈಡ್ಸ್ ಲಿಂಕು ಕೊಡುವುದಾದರೆ ಆಫೀಸಿನ ಅಕೌಂಟಿನಿಂದ ಕೊಡಬೇಡಿ. ಹೊರಗಿನವರಿಗೆ ಅನುಮತಿ ಇಲ್ಲ ಅನ್ನುವ ಪುಟ ಬರುತ್ತದೆ, ನೀವು ಕೆಲಸ ಬಿಟ್ಟ ದಿನ ಅಕೌಂಟೂ ಹೋಗುತ್ತದೆ.

ಸ್ಲೈಡು ಪಿಡಿಎಫ್ ರೂಪದಲ್ಲೇ ಇರಲಿ. ಕನ್ನಡ ಅಕ್ಷರ ಬಳಸುವವರಿಗಂತೂ ಇದು ಬಹಳ ಮುಖ್ಯ. ಪಿಪಿಟಿ ಫೈಲ್ ಕೊಟ್ಟರೆ, ತೆರೆಯುವವರ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಬೇರೆ ಫಾಂಟಿನಲ್ಲಿ ಸಾಲುಗಳು ಅಡ್ಡಾದಿಡ್ಡಿ ಆಗುತ್ತವೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಂಡಿರುತ್ತದೆ. ಬ್ರೌಸರಿನಲ್ಲೇ ಸ್ಲೈಡು ತೋರಿಸುವ ರಿವೀಲ್‌ಜೆಎಸ್‌ನಲ್ಲಿ ಸ್ಲೈಡು ಮಾಡಿದ್ದರೆ ಅದರಲ್ಲೇ ಪ್ರಿಂಟ್ ಮೋಡ್ ಇದೆ, ಬ್ರೌಸರಿನಿಂದಲೇ ಪಿಡಿಎಫ್ ತೆಗೆಯಬಹುದು. ಒಂದೊಂದಾಗಿ ಮೂಡುವ ಸಾಲುಗಳು ಒಂದೊಂದು ಪುಟವಾಗಿ ಬಂದರೆ ಅದನ್ನು ಆಫ್ ಮಾಡಿ, ಓದುವವರಿಗೆ ಸುಮ್ನೆ ಬೇಸರ.

ಆದರೆ ಬರೀ ಪಿಡಿಎಫ್ ಕೊಟ್ಟರೂ ಅರ್ಧ ಕೆಲಸ ಉಳಿಯಿತು. ಒಳ್ಳೆಯ ಸ್ಲೈಡಿನಲ್ಲಿ ಮಾತು ಕಡಿಮೆ ಇರುತ್ತದೆ, ಹಾಗೇ ಇರಬೇಕು. ಒಂದು ಗ್ರಾಫ್, ಒಂದು ಎರರ್ ಮೆಸೇಜ್, ಅಷ್ಟೇ. ಹೇಳಬೇಕಾದ್ದನ್ನು ನೀವು ಬಾಯಲ್ಲಿ ಹೇಳುತ್ತೀರಿ. ನಿಮ್ಮ ಮಾತು ಕೇಳದವರಿಗೆ ಆ ಗ್ರಾಫ್ ಏನು ಹೇಳುತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ಪ್ರತಿ ಸ್ಲೈಡಿನ ಕೆಳಗೆ ಎರಡು ಮೂರು ಸಾಲು ಬರೆಯಿರಿ. ಟಾಕ್‌ಗೆ ತಯಾರಿ ಮಾಡುವಾಗ ಹೇಗೂ ನೋಟ್ಸ್ ಬರೆದಿರುತ್ತೀರಿ, ಅದನ್ನೇ ತಿದ್ದಿದರೆ ಆಯಿತು. ವಿಲಿಸನ್ ಮಾಡುವುದೂ ಹೀಗೆಯೇ. ಒಂದು ಸ್ಲೈಡಿನ ಚಿತ್ರ, ಅದರ ಕೆಳಗೆ ಅಲ್ಲಿ ಹೇಳಿದ ಮಾತು, ಮತ್ತೆ ಮುಂದಿನ ಸ್ಲೈಡು. ಓದುತ್ತಾ ಹೋದರೆ ಟಾಕ್ ಕೇಳಿದ ಹಾಗೇ ಇರುತ್ತದೆ. ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ (ಚಿತ್ರ ಕಾಣದವರಿಗೆ ಅದರ ವಿವರಣೆ) ಬರೆಯಲು ಅನುಕೂಲವಾಗಲಿ ಅಂತ 2023ರಲ್ಲಿ ಅವರೊಂದು ಸಣ್ಣ ಟೂಲ್ ಮಾಡಿ, ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಟಾಕ್ ಇಂಗ್ಲಿಷಿನಲ್ಲಿ ಕೊಟ್ಟರೂ ಈ ನೋಟ್ಸನ್ನು ಕನ್ನಡದಲ್ಲೂ ಒಂದು ಪುಟ ಬರೆಯುತ್ತೀರಾ? ಕನ್ನಡ ಮೀಡಿಯಮ್‌ನಲ್ಲಿ ಓದಿ ಬಂದ ಎಷ್ಟೋ ಹುಡುಗರಿಗೆ ಮೊದಲು ವಿಷಯ ಕನ್ನಡದಲ್ಲಿ ಹಿಡಿತಕ್ಕೆ ಬಂದರೆ ಆಮೇಲೆ ಇಂಗ್ಲಿಷ್ ಸ್ಲೈಡು ಕಷ್ಟ ಅನಿಸುವುದಿಲ್ಲ. ಇಂಥ ಬರಹ ನಮ್ಮಲ್ಲಿ ತೀರಾ ಕಡಿಮೆ ಇದೆ.

ಇನ್ನು ಡೆಮೊ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಡೆಮೊ ಹಂಚುವುದು ಅಂದರೆ ಹೆಚ್ಚಿನವರು ಒಂದು ಲೈವ್ ಲಿಂಕು ಕೊಟ್ಟು ಸುಮ್ಮನಾಗುತ್ತಾರೆ. ಆ ಲಿಂಕು ಬಾಳುವುದಿಲ್ಲ. ಆ್ಯಪ್‌ಗಳನ್ನು ನೆಟ್‌ನಲ್ಲಿ ನಡೆಸಿಕೊಡುವ ಹೆರೋಕು 2022ರ ನವೆಂಬರ್ 28ಕ್ಕೆ ಪುಕ್ಕಟೆ ಪ್ಲಾನ್ ನಿಲ್ಲಿಸಿತು, ಅದನ್ನೇ ನಂಬಿದ್ದ ಎಷ್ಟೋ ಡೆಮೊಗಳು ಅಲ್ಲಿಗೆ ಸತ್ತವು. ಗ್ಲಿಚ್ ಕೂಡ 2025ರ ಜುಲೈನಲ್ಲಿ ಆ್ಯಪ್‌ಗಳನ್ನು ನಡೆಸುವುದು ನಿಲ್ಲಿಸಿತು. ಲೈವ್ ಲಿಂಕು ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಿಜವಾದ ಡೆಮೊ ಅಂದರೆ ಬೇರೆಯವರು ತಮ್ಮ ಲ್ಯಾಪ್‌ಟಾಪಿನಲ್ಲಿ ರನ್ ಮಾಡಬಹುದಾದ ಕೋಡು.

2015ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಪೈಥಾನ್ ಕಾನ್ಫರೆನ್ಸ್ ಪೈಕಾನ್‌ನಲ್ಲಿ ಡೇವಿಡ್ ಬೀಜ್ಲಿ ಪೈಥಾನ್ ಕನ್‌ಕರೆನ್ಸಿ (ಒಟ್ಟಿಗೇ ಹಲವು ಕೆಲಸ ನಡೆಸುವುದು) ಬಗ್ಗೆ ಮಾತಾಡಿದರು. ಜನರ ಎದುರಿಗೇ ಕೋಡು ಟೈಪ್ ಮಾಡುತ್ತಾ ಹೋದರು, ಟಾಕ್ ಅಂದರೆ ಅದೇ. ಆ ಕೋಡು ಗಿಟ್‌ಹಬ್‌ನಲ್ಲಿದೆ. ವಿಡಿಯೊ ಒಂದು ಕಡೆ, ಕೋಡು ಒಂದು ಕಡೆ ಇಟ್ಟುಕೊಂಡು ಕೂತರೆ ಥ್ರೆಡ್ಡು, ಕೊರೂಟೀನು ಎಲ್ಲ ಎಲ್ಲಿ ಹೇಗೆ ಕೆಲಸ ಮಾಡುತ್ತವೆ ಅಂತ ಕೈಯಾರೆ ತಿಳಿಯುತ್ತದೆ. ಅದು ಪ್ರೊಡಕ್ಷನ್‌ಗೆ ಬರೆದ ಕೋಡಲ್ಲ, ಯಾರೂ ಅದನ್ನು ಹಾಗೆ ನೋಡುವುದೂ ಇಲ್ಲ. ಹಾಗಾಗಿ ನಿಮ್ಮ ಸಂಕೋಚ ಬಿಡಿ. ಹಂಚುವ ಮೊದಲು ಕೋಡನ್ನು ಚಂದ ಮಾಡಲು ಹೋಗಲೂಬೇಡಿ. ಜನ ಪರದೆಯ ಮೇಲೆ ನೋಡಿದ್ದೇ ಅವರ ಕೈಗೆ ಸಿಗಬೇಕು. ಕೋಡಿನ ಜೊತೆ ಇಡುವ ಪರಿಚಯದ ಫೈಲಾದ ರೀಡ್‌ಮಿಯಲ್ಲಿ ಇದು ಟಾಕ್‌ಗಾಗಿ ಬರೆದ ಕೋಡು ಅಂತ ಒಂದು ಸಾಲು ಹಾಕಿ, ಸಾಕು.

ಮಾಡಬೇಕಾದ್ದು ಬೇರೆ ಇದೆ. ಎರಡು ವರ್ಷ ಬಿಟ್ಟು ಬಂದವರಿಗೂ ಅದು ರನ್ ಆಗಬೇಕು. ಯಾವ ಪೈಥಾನ್ ವರ್ಷನ್ ಅಂತ ಬರೆಯಿರಿ. ಲೈಬ್ರರಿಗಳ ಹೆಸರು ಮಾತ್ರ ಬರೆದರೆ ಸಾಲದು, ವರ್ಷನ್ ಸಮೇತ ಲಾಕ್ ಫೈಲ್ ಇರಬೇಕು. ಡೆಮೊ ಯಾವುದಾದರೂ ಹೊರಗಿನ ಎಪಿಐ (ಬೇರೆ ಸೇವೆಯಿಂದ ಡೇಟಾ ಕೇಳುವ ದಾರಿ) ಕರೆಯುತ್ತಿದ್ದರೆ, ಅದರ ಒಂದು ಉತ್ತರವನ್ನು ಫೈಲಾಗಿ ರೆಪೊದಲ್ಲೇ, ಅಂದರೆ ಕೋಡು ಇಟ್ಟ ಜಾಗದಲ್ಲೇ, ಇಡಿ. ನೆಟ್ ಇಲ್ಲದಿದ್ದರೂ, ಆ ಎಪಿಐ ಮುಚ್ಚಿಹೋದರೂ ಡೆಮೊ ನಡೆಯುತ್ತದೆ. ಹಾಲ್‌ನ ವೈಫೈ ಕೈಕೊಟ್ಟರೆ ನಿಮಗೂ ಅದೇ ಆಸರೆ. ಹಂತ ಹಂತವಾಗಿ ಕೋಡು ಕಟ್ಟುವ ಡೆಮೊ ಆದರೆ ಪ್ರತಿ ಹಂತಕ್ಕೂ ಒಂದು ಗಿಟ್ ಟ್ಯಾಗ್ (ಆ ಹಂತದ ಕೋಡಿಗೆ ಹೆಸರಿನ ಗುರುತು) ಹಾಕಿ. ಟಾಕ್‌ನ ದಿನದ ಕೋಡಿಗೆ ಬೇರೆ ಟ್ಯಾಗ್ ಇರಲಿ, ಆಮೇಲಿನ ತಿದ್ದುಪಡಿಗಳು ಅದನ್ನು ಮುಟ್ಟದಿರಲಿ. ಟರ್ಮಿನಲ್‌ನಲ್ಲಿ ನಡೆಯುವ ಡೆಮೊವನ್ನು ಆಸ್ಕಿನೆಮಾದಲ್ಲಿ ರೆಕಾರ್ಡ್ ಮಾಡಿ. ಅದು ಅಕ್ಷರಗಳನ್ನೇ ಉಳಿಸುವುದರಿಂದ ಫೈಲ್ ಚಿಕ್ಕದು, ನೋಡುವವರು ನಿಲ್ಲಿಸಿ ಕಮಾಂಡ್ ಕಾಪಿ ಮಾಡಿಕೊಳ್ಳಬಹುದು. ಎಲ್ಲ ಆದ ಮೇಲೆ ಸ್ನೇಹಿತರೊಬ್ಬರ ಲ್ಯಾಪ್‌ಟಾಪಿನಲ್ಲಿ ರೆಪೊವನ್ನು ಕ್ಲೋನ್ ಮಾಡಿಸಿ (ಪ್ರತಿ ಇಳಿಸಿ), ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡಿ. ಅವರು ಎಲ್ಲಿ ನಿಂತರೋ ಅಲ್ಲಿ ರೀಡ್‌ಮಿಗೆ ಒಂದು ಸಾಲು ಬೇಕು ಅಂತ ಅರ್ಥ.

ರೆಪೊ ಪಬ್ಲಿಕ್ ಮಾಡುವ ಮೊದಲು ಎಪಿಐ ಕೀ, ಪಾಸ್‌ವರ್ಡ್, ಗ್ರಾಹಕರ ಡೇಟಾ ಏನಾದರೂ ಒಳಗಿದೆಯಾ ನೋಡಿ. ಈಗಿನ ಫೈಲಿನಿಂದ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಹಿಂದೆ ಉಳಿಸಿದ ಪ್ರತಿಯಲ್ಲಿ) ಅದು ಹಾಗೇ ಕೂತಿರುತ್ತದೆ. ಒಮ್ಮೆ ಹೊರಗೆ ಹೋದ ಕೀಯನ್ನು ರದ್ದು ಮಾಡಿ ಹೊಸದು ತೆಗೆದುಕೊಳ್ಳಲೇಬೇಕು. ಸ್ಲೈಡಿನಲ್ಲಿರುವ ಸ್ಕ್ರೀನ್‌ಶಾಟುಗಳನ್ನೂ ಇದೇ ಕಣ್ಣಿನಿಂದ ನೋಡಿ. ಕಂಪನಿಯ ಕೆಲಸದ ಬಗ್ಗೆ ಮಾತಾಡುವುದಾದರೆ ಸ್ಲೈಡು ಮತ್ತು ಕೋಡು ಎರಡನ್ನೂ ಹಂಚಲು ಮೊದಲೇ ಈಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಟಾಕ್ ಕೊಡಲು ಸಿಕ್ಕ ಒಪ್ಪಿಗೆ ಕೋಡು ಬಿಡುಗಡೆಗೂ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ.

ಲೈಸೆನ್ಸ್ ಬರೆಯದೆ ಬಿಡಬೇಡಿ. ಏನೂ ಬರೆಯದಿದ್ದರೆ ಕಾನೂನಿನ ಪ್ರಕಾರ ಎಲ್ಲ ಹಕ್ಕೂ ನಿಮ್ಮದೇ, ಬೇರೆಯವರು ಬಳಸುವಂತಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರೊಬ್ಬರಿಗೆ ನಿಮ್ಮ ನಾಲ್ಕು ಸ್ಲೈಡು ಪಾಠಕ್ಕೆ ಬೇಕೆನಿಸಿದರೆ ಅವರು ಹಿಂಜರಿಯುತ್ತಾರೆ. ಸ್ಲೈಡಿಗೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ 4.0 ಹಾಕಿ, ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಕೋಡಿಗೆ ಅದು ಬೇಡ, ಕ್ರಿಯೇಟಿವ್ ಕಾಮನ್ಸ್‌ನವರೇ ಸಾಫ್ಟ್‌ವೇರಿಗೆ ತಮ್ಮ ಲೈಸೆನ್ಸ್ ಬೇಡ ಅನ್ನುತ್ತಾರೆ. ಎಂಐಟಿ ಅಥವಾ ಅಪಾಚೆ 2.0 ಹಾಕಿ. ಬೇರೆಯವರ ಚಿತ್ರ ಬಳಸಿದ್ದರೆ ಆ ಸ್ಲೈಡಿನಲ್ಲೇ ಅವರ ಹೆಸರು ಬರೆಯಿರಿ.

ಕೊನೆಗೆ ನಿಮ್ಮ ಟಾಕ್ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸೇವ್ ಮಾಡಿ, ಒಂದೆರಡು ನಿಮಿಷದ ಕೆಲಸ. ಕೋಡು ಬಹುಕಾಲ ಉಳಿಯಬೇಕು ಅನಿಸಿದರೆ ಜೆನೊಡೊ ಇದೆ. ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ 2013ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಗಿಟ್‌ಹಬ್‌ಗೆ ಜೋಡಿಸಿದರೆ ಪ್ರತಿ ರಿಲೀಸ್‌ನ ಒಂದು ಪ್ರತಿ ಅಲ್ಲಿ ಉಳಿಯುತ್ತದೆ, ಡಿಒಐ ಅನ್ನುವ ಬದಲಾಗದ ಗುರುತಿನ ಸಂಖ್ಯೆ ಕೂಡ ಸಿಗುತ್ತದೆ.

ನಿಮ್ಮ ರೆಪೊ ತಯಾರಾದಾಗ ಲಿಂಕನ್ನು ಇಲ್ಲೇ ಕೆಳಗೆ ಹಾಕಿ. ಟಾಕ್‌ಗೆ ಮೊದಲೇ ಹಾಕಿದರೆ ಇನ್ನೂ ಒಳ್ಳೆಯದು. ನಾನು ಕ್ಲೋನ್ ಮಾಡಿ ರನ್ ಮಾಡಿ ನೋಡಿ, ಎಲ್ಲಾದರೂ ನಿಂತರೆ ಗಿಟ್‌ಹಬ್‌ನಲ್ಲಿ ಆ ತೊಂದರೆ ಬರೆದು ಇಶ್ಯೂ ಹಾಕುತ್ತೇನೆ.