ಗಂಡಾಂತರದ ಕಾಲದಲ್ಲಿ ಪ್ರಶ್ನೆ ಕೇಳಬಹುದೇ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ, 2003ರಲ್ಲಿ ಅಮೆರಿಕ ಆರಂಭಿಸಿದ ಇರಾಕ್ ಯುದ್ಧದ ಕುರಿತು ನಾನು ಬರೆದ ಲೇಖನವನ್ನು ಓದಿ, ಹಾಸನ ಜಿಲ್ಲೆಯ ನಿಮ್ಮ ಊರಿನಿಂದ ನೀವು ಕಳುಹಿಸಿದ ನಾಲ್ಕು ಪುಟಗಳ ಪತ್ರ ತಲುಪಿದೆ. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ನೀವು, 1971ರ ಡಿಸೆಂಬರಿನಲ್ಲಿ ಪಠಾಣ್‌ಕೋಟಿನಲ್ಲಿದ್ದವರು. ನನ್ನಂತೆ ಯುದ್ಧವನ್ನು ಸುದ್ದಿಮನೆಯ ಮೇಜಿನ ಮೇಲೆ ಕಂಡವರಲ್ಲ. ಆದ್ದರಿಂದ ನಿಮ್ಮ ಆಕ್ಷೇಪಗಳಿಗೆ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಇತರ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ಸರ್ಕಾರದ ಕೈಯಲ್ಲಿ ಗುಪ್ತ ಮಾಹಿತಿ ಇರುತ್ತದೆ, ಅದಿಲ್ಲದ ನಮ್ಮಂಥವರು ಯುದ್ಧದ ಸರಿತಪ್ಪುಗಳನ್ನು ತೂಗಲಾರೆವು ಎಂಬುದು ನಿಮ್ಮ ಮೊದಲ ಮಾತು. ಪಠಾಣ್‌ಕೋಟಿನ ಜನ ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿ, ವಾಹನಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಳಿದು, ಗೊಣಗದೆ ಕತ್ತಲಲ್ಲಿ ಕುಳಿತಂತೆ, ಗಂಡಾಂತರದ ಕಾಲದಲ್ಲಿ ಸ್ವಾತಂತ್ರ್ಯವನ್ನು ಸ್ವಲ್ಪ ಬಿಟ್ಟುಕೊಡಬೇಕು, ಗಂಡಾಂತರ ಕಳೆದ ಮೇಲೆ ಅದು ತಾನಾಗಿ ಹಿಂತಿರುಗುತ್ತದೆ ಎಂಬುದು ಎರಡನೆಯದು. ಯುದ್ಧದ ವೇಳೆ ಪ್ರಶ್ನೆ ಕೇಳಿದರೆ ಗಡಿಯಲ್ಲಿರುವ ಸಿಪಾಯಿಯ ಮನೋಬಲ ಕುಗ್ಗುತ್ತದೆ ಎಂಬುದು ಮೂರನೆಯದು. ಕೊನೆಗೆ, ಅಮೆರಿಕದ ಬಗ್ಗೆ ಬರೆದಷ್ಟು ಸಲೀಸಾಗಿ ನಮ್ಮ ದೇಶದ ಬಗ್ಗೆಯೂ ಬರೆಯುವಿರಾ ಎಂದು ಕೇಳಿದ್ದೀರಿ.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು. ಆ ಬಳಿಕ ಅಲ್ಲಿನವರನ್ನು ಹಿಡಿದ ಭಯ ಕಟ್ಟುಕಥೆಯಾಗಿರಲಿಲ್ಲ. ಮಗನೋ ಮಗಳೋ ಅಲ್ಲಿದ್ದ ನಮ್ಮ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಫೋನ್ ಸಿಗದೆ ಜಾಗರಣೆ ನಡೆಯಿತು. ನನ್ನ ಆಕ್ಷೇಪವಿರುವುದು, ಆ ನಿಜವಾದ ಭಯವನ್ನು ಅದರ ಮೂಲದಿಂದ ಬಿಚ್ಚಿ ತಂದು ಬೇರೊಂದು ದೇಶದ ಕೊರಳಿಗೆ ಕಟ್ಟಿದ ಕೆಲಸದ ಬಗ್ಗೆ. ವಿಮಾನಗಳನ್ನು ಅಪಹರಿಸಿದ 19 ಮಂದಿಯಲ್ಲಿ 15 ಮಂದಿ ಸೌದಿ ಅರೇಬಿಯಾದವರಾಗಿದ್ದರು, ಇರಾಕಿನವನು ಒಬ್ಬನೂ ಇರಲಿಲ್ಲ. ಹೀಗಿದ್ದೂ, ದಾಳಿಯಲ್ಲಿ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನರ ಕೈವಾಡ ಇದ್ದಿರಬಹುದೆಂದು ಅಮೆರಿಕನ್ನರಲ್ಲಿ ಶೇ. 69ರಷ್ಟು ಮಂದಿ ನಂಬಿರುವುದಾಗಿ 2003ರಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆ ಹೇಳಿತು. ಅಂಥ ಪುರಾವೆ ಏನೂ ಇಲ್ಲವೆಂದು ಅಧ್ಯಕ್ಷ ಬುಷ್ ಅವರೇ ಬಾಯಿಬಿಟ್ಟು ಹೇಳಿದ್ದು 2003ರ ಸೆಪ್ಟೆಂಬರ್ 17ರಂದು. ಅಷ್ಟು ಹೊತ್ತಿಗೆ ಬಾಗ್ದಾದ್ ಬಿದ್ದು ಐದು ತಿಂಗಳಾಗಿತ್ತು. ಅದಕ್ಕೆ ಮೊದಲಿನ ಭಾಷಣಗಳಲ್ಲಿ ಒಂದು ವಾಕ್ಯದಲ್ಲಿ ಸೆಪ್ಟೆಂಬರ್ 11, ಅದರ ಪಕ್ಕದ ವಾಕ್ಯದಲ್ಲಿ ಸದ್ದಾಂ ಎಂಬಂತೆ ಎರಡನ್ನೂ ಜೊತೆಗೂಡಿಸಿ ಆಡಲಾಗಿತ್ತು. ಕೇಳಿದವರು ನಡುವಿನ ಗಂಟನ್ನು ತಾವೇ ಹಾಕಿಕೊಂಡರು.

ಈಗ ನಿಮ್ಮ ಮೊದಲ ಮಾತಿಗೆ ಬರುತ್ತೇನೆ. ಸರ್ಕಾರಕ್ಕೆ ನಮಗಿಂತ ಹೆಚ್ಚು ಗೊತ್ತಿರುತ್ತದೆ ಎಂಬುದು ನಿಜ. ಇರಾಕಿನ ವಿಷಯದಲ್ಲಿ ಹಾಗೆ ಹೆಚ್ಚು ಗೊತ್ತಿದ್ದದ್ದೇನು ಎಂದು ನೋಡೋಣ. ಇರಾಕ್ ವಿದೇಶದಿಂದ ತರಿಸಿಕೊಳ್ಳಲು ಹೊರಟಿದ್ದ ಅಲ್ಯೂಮಿನಿಯಂ ಕೊಳವೆಗಳ ಒಂದು ಸರಕು 2001ರಲ್ಲಿ ದಾರಿಯಲ್ಲೇ ಸಿಕ್ಕಿಬಿತ್ತು. ಕೊಳವೆಯ ಉದ್ದ ಒಂದು ಗಜಕ್ಕೆ ತುಸು ಕಡಿಮೆ, ಅಡ್ಡಳತೆ 81 ಮಿಲಿಮೀಟರ್. ಈ ಅಂಕಿಯನ್ನು ಓದಿದೊಡನೆ ನಿಮಗೆ ನಮ್ಮ ಸೈನ್ಯದ ಮಾರ್ಟರ್ ನೆನಪಾಗಿರುತ್ತದೆ. ಇರಾಕ್ ಕೂಡ ಅದೇ ಅಳತೆಯ ಫಿರಂಗಿ ರಾಕೆಟ್ಟುಗಳನ್ನು ಬಹಳ ಹಿಂದಿನಿಂದ ತಯಾರಿಸುತ್ತಿತ್ತು. ಆದರೆ ಈ ಕೊಳವೆಗಳು ಅಣುಬಾಂಬಿಗೆ ಬೇಕಾದ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್ ಯಂತ್ರಗಳಿಗಾಗಿ ಎಂದು ಸಿಐಎ ವಾದಿಸಿತು. ಅಂಥ ಯಂತ್ರಗಳನ್ನು ಬಲ್ಲವರು ಅಮೆರಿಕದ ಇಂಧನ ಇಲಾಖೆಯ ವಿಜ್ಞಾನಿಗಳು. ಕೊಳವೆಯ ಗೋಡೆ ಅದಕ್ಕೆ ತಕ್ಕುದಲ್ಲ, ಇದು ರಾಕೆಟ್ಟಿನ ಸಾಮಾನು ಎಂದು ಅವರು 2001ರಲ್ಲೇ ಹೇಳಿದ್ದರು.

ಈ ಭಿನ್ನಮತ ಸರ್ಕಾರದ ಒಳಗಿತ್ತು, ಜನರಿಗೆ ಮಾತ್ರ ಗೊತ್ತಿರಲಿಲ್ಲ. 2002ರ ಸೆಪ್ಟೆಂಬರ್ 8ರ ಭಾನುವಾರ, ಹೆಸರು ಹೇಳಬಯಸದ ಅಧಿಕಾರಿಗಳನ್ನು ಆಧರಿಸಿ ನ್ಯೂಯಾರ್ಕ್ ಟೈಮ್ಸ್ ಈ ಕೊಳವೆಗಳ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿತು. ಅದೇ ಬೆಳಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟೀವಿಯಲ್ಲಿ ಆ ಪತ್ರಿಕೆಯ ವರದಿಯನ್ನೇ ಎತ್ತಿ ತೋರಿಸಿದರು. ಕೊನೆಯ ಪುರಾವೆ ಅಣಬೆ ಮೋಡದ ರೂಪದಲ್ಲಿ ಬರುವವರೆಗೆ ಕಾಯಲಾಗದು ಎಂಬರ್ಥದ ಮಾತನ್ನು ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕೊಂಡೊಲೀಜಾ ರೈಸ್ ಆಡಿದ್ದೂ ಆ ದಿನವೇ. ಸರ್ಕಾರದ ಮಂದಿ ಪತ್ರಿಕೆಯ ಕಿವಿಯಲ್ಲಿ ಹೇಳಿದ್ದು, ಪತ್ರಿಕೆಯೇ ಬರೆದಿದೆ ನೋಡಿ ಎಂದು ಸರ್ಕಾರದಿಂದ ಜನರ ಮುಂದೆ ಬಂತು. ಅಕ್ಟೋಬರಿನಲ್ಲಿ ಗುಪ್ತಚರ ಸಂಸ್ಥೆಗಳು ಸೇರಿ ಸಿದ್ಧಪಡಿಸಿದ ರಹಸ್ಯ ವರದಿಯಲ್ಲಿ ಇಂಧನ ಇಲಾಖೆಯ ಮತ್ತು ವಿದೇಶಾಂಗ ಇಲಾಖೆಯ ಬೇಹುಗಾರಿಕಾ ವಿಭಾಗದ ಭಿನ್ನಮತ ದಾಖಲಾಗಿತ್ತು. ಸಾರ್ವಜನಿಕರಿಗಾಗಿ ಬಿಡುಗಡೆ ಮಾಡಿದ ಪ್ರತಿಯಲ್ಲಿ ಅದು, ಆ ಇಲಾಖೆಗಳ ಹೆಸರಿಲ್ಲದೆ, ಕೆಲವರ ಅಭಿಪ್ರಾಯ ಬೇರೆ ಎಂಬಷ್ಟಕ್ಕೆ ಕುಗ್ಗಿತ್ತು. ಸೆನೆಟ್ಟಿನ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ಬಾಬ್ ಗ್ರಹಾಂ ರಹಸ್ಯ ಪ್ರತಿಯನ್ನು ಓದಿ ಯುದ್ಧದ ವಿರುದ್ಧ ಮತ ಹಾಕಿದರು. ಯುದ್ಧಕ್ಕೆ ಒಪ್ಪಿಗೆ ಕೊಡುವ ನಿರ್ಣಯ ಸೆನೆಟ್ಟಿನಲ್ಲಿ 77–23ರಲ್ಲಿ ಅಂಗೀಕಾರವಾಯಿತು. ಗುಪ್ತ ಮಾಹಿತಿ ಕಂಡವರಿಗೆ ಯುದ್ಧದ ಅಗತ್ಯ ತಾನಾಗಿ ಮನವರಿಕೆಯಾಗುತ್ತದೆ ಎಂಬ ನಿಮ್ಮ ನಂಬಿಕೆಗೆ ಗ್ರಹಾಂ ಅವರ ಮತ ಹೊಂದುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. 2003ರ ಫೆಬ್ರುವರಿ 5ರ ರಾತ್ರಿ ನಾನು ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಉಪಸಂಪಾದಕನಾಗಿ ರಾತ್ರಿ ಪಾಳಿಯಲ್ಲಿದ್ದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ಬಿಳಿ ಪುಡಿಯ ಪುಟ್ಟ ಸೀಸೆಯೊಂದನ್ನು ಎತ್ತಿ ಹಿಡಿದು, ಇರಾಕಿನ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ಮಾತಾಡುತ್ತಿದ್ದರು. ಏಜೆನ್ಸಿಯಿಂದ ಬಂದ ಸುದ್ದಿಯನ್ನು ಕನ್ನಡಕ್ಕೆ ಇಳಿಸಿ ನಾನು ಕೊಟ್ಟ ಶೀರ್ಷಿಕೆಯಲ್ಲಿ ‘ಸಾಕ್ಷ್ಯ’ ಎಂಬ ಪದವಿತ್ತು. ‘ಆರೋಪ’ ಎಂದು ಬರೆಯಬೇಕಿತ್ತು. ಅಕ್ಷರಗಳ ಲೆಕ್ಕದಲ್ಲಿ ಎರಡಕ್ಕೂ ಜಾಗ ಸಾಕಾಗುತ್ತಿತ್ತು. ಒಂದು ಮಹಾಶಕ್ತಿಯ ವಿದೇಶಾಂಗ ಮಂತ್ರಿ ಜಗತ್ತಿನ ಮುಂದೆ ನಿಂತು ಇಷ್ಟು ಖಚಿತವಾಗಿ ಹೇಳುವಾಗ ಅವರಿಗೆ ಗೊತ್ತಿಲ್ಲದೇ ಇರುತ್ತದೆಯೇ ಎಂಬ, ನೀವು ಈಗ ಕೇಳಿರುವ ಪ್ರಶ್ನೆಯೇ ಅಂದು ನನ್ನ ಕೈ ಹಿಡಿಯಿತು. ಮೊಬೈಲ್ ಜೈವಿಕ ಪ್ರಯೋಗಾಲಯಗಳ ಬಗ್ಗೆ ಪೊವೆಲ್ ಹೇಳಿದ್ದಕ್ಕೆ ಮುಖ್ಯ ಆಧಾರ ಜರ್ಮನಿಯಲ್ಲಿ ಆಶ್ರಯ ಕೋರಿದ್ದ ಒಬ್ಬ ಇರಾಕಿಯ ಮಾತಾಗಿತ್ತೆಂದೂ, ತಾನು ಹೇಳಿದ್ದು ಸುಳ್ಳೆಂದು ಅವನೇ 2011ರಲ್ಲಿ ಒಪ್ಪಿಕೊಂಡನೆಂದೂ ಓದಿದಾಗ ನನಗೆ ಆ ಶೀರ್ಷಿಕೆ ನೆನಪಾಯಿತು. ಅಮೆರಿಕದ್ದೇ ತನಿಖಾ ತಂಡ 2004ರಲ್ಲಿ ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ಕೊಟ್ಟಿತು. ಒಂದು ಲಕ್ಷಕ್ಕೂ ಹೆಚ್ಚು ಇರಾಕಿ ನಾಗರಿಕರೂ 4,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ ಆ ಯುದ್ಧದಲ್ಲಿ ಪ್ರಾಣ ಕಳೆದುಕೊಂಡರು.

ಕಪ್ಪು ಕಾಗದದ ನಿಮ್ಮ ಹೋಲಿಕೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕತ್ತಲು ಮಾಡಬೇಕಾದದ್ದು ಏಕೆಂದು ಪಠಾಣ್‌ಕೋಟಿನ ಜನರಿಗೆ ಗೊತ್ತಿತ್ತು, ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಯುದ್ಧ ಮುಗಿದಾಗ ಕಾಗದ ಕಿತ್ತು ಬಂತು. ಭಯದ ದಿನಗಳಲ್ಲಿ ಮಾಡಿದ ಕಾಯ್ದೆಗಳಿಗೆ ಈ ಗುಣಗಳಿರುವುದಿಲ್ಲ. ದಾಳಿ ನಡೆದು 45 ದಿನಗಳಾಗುವಷ್ಟರಲ್ಲಿ ಅಮೆರಿಕದಲ್ಲಿ, ಜನರ ಮೇಲೆ ಕಣ್ಣಿಡಲು ಸರ್ಕಾರಕ್ಕೆ ಹೆಚ್ಚಿನ ಅಧಿಕಾರ ಕೊಡುವ ಪೇಟ್ರಿಯಟ್ ಕಾಯ್ದೆ ಬಂತು. ಸೆನೆಟ್ಟಿನಲ್ಲಿ ಅದನ್ನು ವಿರೋಧಿಸಿದವರು ರಸ್ ಫೈನ್‌ಗೋಲ್ಡ್ ಒಬ್ಬರೇ. ಸ್ವಾತಂತ್ರ್ಯ ಕಳೆದುಹೋಯಿತೆಂದು ಜನರನ್ನು ಹೆದರಿಸುವವರು ಉಗ್ರರಿಗೆ ನೆರವಾಗುತ್ತಿದ್ದಾರೆ ಎಂದು ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಆ ಡಿಸೆಂಬರಿನಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದರು.

ಈ ಕಾಯ್ದೆ ಹೇಗೆ ಕೆಲಸ ಮಾಡಿತೆಂಬುದನ್ನು ಕನೆಕ್ಟಿಕಟ್ ರಾಜ್ಯದ ನಾಲ್ವರು ಗ್ರಂಥಪಾಲಕರ ಪ್ರಸಂಗ ತೋರಿಸುತ್ತದೆ. ಒಂದು ದಿನ ಸಂಜೆ ಮುಕ್ಕಾಲು ಗಂಟೆಯ ಅವಧಿಯಲ್ಲಿ ಗ್ರಂಥಾಲಯದ ಕಂಪ್ಯೂಟರನ್ನು ಬಳಸಿದವರ ವಿವರ ಕೊಡಬೇಕೆಂದು 2005ರಲ್ಲಿ ಎಫ್‌ಬಿಐ ಅವರಿಗೆ ಪತ್ರ ಕೊಟ್ಟಿತು. ನ್ಯಾಯಾಧೀಶರ ಅಪ್ಪಣೆ ಅದಕ್ಕೆ ಬೇಕಿರಲಿಲ್ಲ, ಪತ್ರ ಬಂದಿರುವ ಸಂಗತಿಯನ್ನು ಯಾರಿಗೂ ಹೇಳಕೂಡದೆಂಬ ನಿರ್ಬಂಧವೂ ಇತ್ತು. ಅವರು ನ್ಯಾಯಾಲಯಕ್ಕೆ ಹೋದರು, ಆದರೆ ತಮ್ಮ ಹೆಸರಿನಲ್ಲಿ ಹೋಗುವಂತಿರಲಿಲ್ಲ. ಅದೇ ತಿಂಗಳುಗಳಲ್ಲಿ ಕಾಯ್ದೆಯನ್ನು ಮುಂದುವರಿಸಬೇಕೇ ಎಂಬ ಚರ್ಚೆ ಕಾಂಗ್ರೆಸ್ಸಿನಲ್ಲಿ ನಡೆಯುತ್ತಿತ್ತು. ತಮ್ಮ ಅನುಭವವನ್ನು ಅಲ್ಲಿ ಹೇಳಬಹುದಾಗಿದ್ದ ಈ ನಾಲ್ವರ ಬಾಯಿಗೆ ಬೀಗ ಬಿದ್ದಿತ್ತು. 2006ರ ಮಾರ್ಚಿನಲ್ಲಿ ಕಾಯ್ದೆ ಮುಂದುವರಿಯಿತು, ಅವರ ಬಾಯಿಯ ನಿರ್ಬಂಧ ತೆರವಾದದ್ದು ಅದಾದ ಮೇಲೆ. ಆಮೇಲಿನ ಕಥೆ ನಿಮಗೆ ಗೊತ್ತಿರಬಹುದು: ಅದೇ ಕಾಯ್ದೆಯ ಒಂದು ಕಲಮನ್ನು ಹಿಡಿದು ಕೋಟ್ಯಂತರ ಜನರ ಫೋನ್ ಕರೆಗಳ ದಾಖಲೆಯನ್ನು ಸರ್ಕಾರ ಸಂಗ್ರಹಿಸುತ್ತಿತ್ತೆಂಬುದು 2013ರಲ್ಲಿ, ಅಲ್ಲಿನ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರರಾಗಿದ್ದ ಎಡ್ವರ್ಡ್ ಸ್ನೋಡನ್ ಅವರಿಂದ ಹೊರಬಂತು.

ನಮ್ಮ ದೇಶದ ಬಗ್ಗೆ ಬರೆಯುವಿರಾ ಎಂದು ಕೇಳಿದ್ದೀರಿ, ಬರೆಯುತ್ತೇನೆ. ಚೀನಾ ದಾಳಿ ಮಾಡಿದಾಗ 1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಘೋಷಣೆಗೆ ಕಾರಣವಿತ್ತು, ಅದನ್ನು ನಾನು ಪ್ರಶ್ನಿಸುವುದಿಲ್ಲ. ನವೆಂಬರ್ 21ರಂದು ಚೀನಾ ಕದನವಿರಾಮ ಸಾರಿತು. ತುರ್ತು ಪರಿಸ್ಥಿತಿ ಕೊನೆಗೊಂಡದ್ದು 1968ರ ಜನವರಿ 10ರಂದು. ಒಂದು ತಿಂಗಳ ಯುದ್ಧಕ್ಕೆ ಬಂದ ಕತ್ತಲು ಐದು ವರ್ಷಕ್ಕೂ ಮೀರಿ ಉಳಿಯಿತು. ಆ ಅವಧಿಯಲ್ಲಿ ಅಸ್ಸಾಂ, ಡಾರ್ಜಿಲಿಂಗ್ ಮೊದಲಾದ ಕಡೆಗಳ ಸುಮಾರು ಮೂರು ಸಾವಿರ ಚೀನಾ ಮೂಲದವರನ್ನು, ಹೆಂಗಸರು ಮಕ್ಕಳೆನ್ನದೆ, ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಕಳುಹಿಸಲಾಯಿತು. ಅವರಲ್ಲಿ ಹಲವರು ಇಲ್ಲಿಯೇ ಹುಟ್ಟಿ ಅಸ್ಸಾಮಿಯನ್ನೋ ನೇಪಾಳಿಯನ್ನೋ ಮಾತಾಡುತ್ತ ಬೆಳೆದವರು. ಯಾರ ಮೇಲೂ ವಿಚಾರಣೆ ನಡೆಯಲಿಲ್ಲ. ಕೊನೆಯವರು ಹೊರಬಂದದ್ದು 1967ರಲ್ಲಿ. ಊರಿಗೆ ಮರಳಿದ ಎಷ್ಟೋ ಮಂದಿಗೆ ಮನೆ, ಅಂಗಡಿ ಉಳಿದಿರಲಿಲ್ಲ.

1971ರದ್ದೂ ಹೀಗೆಯೇ. ನೀವು ಹೋರಾಡಿದ ಯುದ್ಧ ಡಿಸೆಂಬರ್ 16ರ ಶರಣಾಗತಿಯ ಬೆನ್ನಿಗೇ ಮುಗಿಯಿತು. ಅದಕ್ಕಾಗಿ ಘೋಷಿಸಿದ ತುರ್ತು ಪರಿಸ್ಥಿತಿ 1977ರ ಮಾರ್ಚ್‌ವರೆಗೂ ಜಾರಿಯಲ್ಲಿತ್ತು, 1975ರದ್ದು ಅದರ ಮೇಲೆ ಹೇರಿದ ಎರಡನೆಯದು. ಪೂರ್ವ ಬಂಗಾಳದ ಬಿಕ್ಕಟ್ಟಿನ ನಡುವೆ, 1971ರಲ್ಲಿ ತಂದ, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುವ ಮೀಸಾ ಕಾಯ್ದೆಯನ್ನು ಸಮರ್ಥಿಸಿದವರು ಗೂಢಚಾರರು ಮತ್ತು ವಿದ್ರೋಹಿಗಳ ಹೆಸರು ಹೇಳಿದ್ದರು. ನಾಲ್ಕು ವರ್ಷಗಳ ಬಳಿಕ ಅದೇ ಕಾಯ್ದೆ ಬೆಂಗಳೂರಿಗೆ ಬಂತು. ಸಂಸದೀಯ ಸಮಿತಿಯ ಸಭೆಗೆಂದು ಇಲ್ಲಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು 1975ರ ಜೂನ್ 26ರಂದು ಬಂಧಿಸಲಾಯಿತು. ಮೀಸಾ ಒಂದರಡಿಯಲ್ಲೇ ದೇಶದಲ್ಲಿ 34,000ಕ್ಕೂ ಹೆಚ್ಚು ಮಂದಿ ಬಂಧನದಲ್ಲಿದ್ದರೆಂದು, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗ ಲೆಕ್ಕ ಕೊಟ್ಟಿದೆ. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲು ಇಂದು ಫ್ರೀಡಂ ಪಾರ್ಕ್. ಬೆಂಗಳೂರಿಗೆ ಬಂದಾಗ ತಿಳಿಸಿ, ನಾನೇ ಕರೆದುಕೊಂಡು ಹೋಗಿ ಉಳಿದಿರುವ ಸೆಲ್ಲುಗಳನ್ನು ತೋರಿಸುತ್ತೇನೆ. ಸ್ವಾತಂತ್ರ್ಯ ತಾನಾಗಿ ಹಿಂತಿರುಗುತ್ತದೆ ಎಂದು ನೀವು ಬರೆದಿದ್ದೀರಿ. ನಮ್ಮಲ್ಲಿ ಅದು 1977ರ ಚುನಾವಣೆಯಲ್ಲಿ ಜನ ಮತ ಹಾಕಿದ್ದರಿಂದ ಹಿಂತಿರುಗಿತು.

ಇನ್ನು ಉಳಿದದ್ದು ಸಿಪಾಯಿಯ ಮನೋಬಲ. ಈ ವಿಷಯದಲ್ಲಿ ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದ್ದರಿಂದ ಒಬ್ಬ ಸಿಪಾಯಿಯ ಮಾತನ್ನೇ ಮುಂದಿಡುತ್ತೇನೆ. 2004ರ ಡಿಸೆಂಬರಿನಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಕುವೈತಿನ ಶಿಬಿರವೊಂದರಲ್ಲಿ, ಇರಾಕಿಗೆ ಹೊರಟು ನಿಂತಿದ್ದ ಸೈನಿಕರ ಎದುರು ಮಾತಾಡಿದರು. ಸೈನಿಕನೊಬ್ಬ ಎದ್ದು ನಿಂತು, ನಮ್ಮ ವಾಹನಗಳಿಗೆ ರಕ್ಷಾಕವಚವಿಲ್ಲ, ಕಸದ ಗುಂಡಿಗಳನ್ನು ಕೆದಕಿ ತುಕ್ಕು ಹಿಡಿದ ಲೋಹದ ತುಂಡುಗಳನ್ನು ತಂದು ಬಿಗಿದುಕೊಳ್ಳುವ ಸ್ಥಿತಿ ನಮಗೇಕೆ ಬಂತು ಎಂದು ಕೇಳಿದ. ಸುತ್ತ ಇದ್ದ ಸೈನಿಕರು ಚಪ್ಪಾಳೆ ತಟ್ಟಿದರು. ಇರುವ ಸೈನ್ಯದೊಡನೆ ಯುದ್ಧಕ್ಕೆ ಹೋಗಬೇಕಾಗುತ್ತದೆಯೇ ಹೊರತು ಬಯಸಿದ ಸೈನ್ಯದೊಡನೆ ಅಲ್ಲ ಎಂಬುದು ಮಂತ್ರಿಯ ಉತ್ತರವಾಗಿತ್ತು. ಯುದ್ಧಕ್ಕೆ ಹೋಗುವ ದಿನವನ್ನು ಆರಿಸಿಕೊಂಡದ್ದು ಅವರದೇ ಸರ್ಕಾರ. ಅಷ್ಟು ಅವಸರವೇಕೆಂದು 2002ರಲ್ಲಿ ಕೇಳಿದವರನ್ನು ಸೈನಿಕರ ವಿರೋಧಿಗಳೆಂದು ಬಗೆದವರು ಬಹಳ ಮಂದಿ ಇದ್ದರು.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಬೇರೇನನ್ನೋ ಹೇಳುತ್ತ ನಿಮ್ಮ ಅಣ್ಣನವರ ಬಗ್ಗೆ ಎರಡು ಸಾಲು ಬರೆದಿದ್ದೀರಿ. 1962ರಲ್ಲಿ ಅವರು ಕ್ಯಾನ್‌ವಾಸ್ ಬೂಟಿನಲ್ಲೇ ನೇಫಾದ (ಇಂದಿನ ಅರುಣಾಚಲ ಪ್ರದೇಶದ) ಹಿಮಕ್ಕೆ ಹೋದದ್ದು, ಎಡಗಾಲಿನ ಮೂರು ಬೆರಳುಗಳನ್ನು ಕಳೆದುಕೊಂಡು ಊರಿಗೆ ಬಂದದ್ದು. ಅಂಥ ಬೂಟಿನಲ್ಲಿ ನಮ್ಮವರನ್ನು ಅಲ್ಲಿಗೆ ಕಳುಹಿಸಿದವರು ಯಾರು ಎಂಬ ಪ್ರಶ್ನೆ ಅಂದೇ ದೇಶದಲ್ಲಿ ಎದ್ದಿತ್ತು. ಗುಂಡಿನ ಕಾಳಗ ಇನ್ನೂ ನಿಂತಿರಲಿಲ್ಲ. ಆದರೂ ನೆಹರೂ ಅವರು ಸಂಸತ್ತಿನ ಅಧಿವೇಶನವನ್ನು ನವೆಂಬರ್ 8ಕ್ಕೆ ಕರೆದರು. ಲೋಕಸಭೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಸದಸ್ಯರು ಮಾತಾಡಿದರು, ಆಡಳಿತ ಪಕ್ಷದವರೂ ಸುಮ್ಮನಿರಲಿಲ್ಲ, ಪತ್ರಿಕೆಗಳು ಅದನ್ನು ವರದಿ ಮಾಡಿದವು. ಅಧಿವೇಶನದ ಮುನ್ನಾದಿನವೇ, ಯುದ್ಧ ಶುರುವಾದಾಗ ರಕ್ಷಣಾ ಮಂತ್ರಿಯಾಗಿದ್ದ ಕೃಷ್ಣ ಮೆನನ್ ಸಂಪುಟದಿಂದ ಹೊರಹೋಗಬೇಕಾಯಿತು. ಆ ಪ್ರಶ್ನೆಗಳನ್ನು ಯುದ್ಧ ಮುಗಿಯುವ ತನಕ ತಡೆಹಿಡಿಯಬೇಕಿತ್ತೇ, ತಡೆಹಿಡಿದಿದ್ದರೆ ನಿಮ್ಮ ಅಣ್ಣನವರಿಗೆ ಒಳ್ಳೆಯದಾಗುತ್ತಿತ್ತೇ ಎಂಬುದನ್ನು ನಿಮ್ಮಿಂದಲೇ ತಿಳಿಯಲು ಬಯಸುತ್ತೇನೆ. ನೀವು ಬರೆಯುವುದನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸಲು ಜಾಗ ತೆಗೆದಿರಿಸಿದ್ದೇನೆ.

ಗೌರವಪೂರ್ವಕವಾಗಿ,
ಸಂಪಾದಕ