ಮುಖ ಬರುತ್ತದೆ, ಬಟ್ಟೆ ಬರೋಲ್ಲ: ಫ್ಯಾಷನ್ ಚಿತ್ರ, ಪೋರ್ಟ್ರೇಟ್ ಎರಡನ್ನೂ ಒಬ್ಬರೇ ಮಾಡಬಹುದಾ?

ನೀವು ಕೇಳಿದ್ದು ಇಷ್ಟು. ಫ್ಯಾಷನ್ ಇಲಸ್ಟ್ರೇಶನ್ನೂ ಪೋರ್ಟ್ರೇಟೂ ಮಾಡುವ ಫ್ರೀಲಾನ್ಸ್ ಕಲಾವಿದರು ಇತ್ತೀಚೆಗೆ ಯಾವ ಕೆಲಸ ಮಾಡಿದ್ದಾರೆ, ಹೇಗೆ ಮಾಡಿದರು, ಇವೆರಡೂ ಬೇರೆ ಬೇರೆ ವಿದ್ಯೆಯಾ? ಜೊತೆಗೆ, ನಿಮಗೆ ಮುಖ ಚೆನ್ನಾಗಿ ಬರುತ್ತದೆ, ಸೀರೆ ಬರೆಯಲು ಹೋದರೆ ಮಾತ್ರ ರಟ್ಟಿನ ಹಾಗೆ ಆಗುತ್ತದೆ ಅಂತಲೂ ಹೇಳಿದ್ದೀರಿ.

ನಾನು ಹುಬ್ಬಳ್ಳಿಯಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತೇನೆ. ಬೊಟಿಕ್‌ಗಳಿಗೆ ಫ್ಯಾಷನ್ ಚಿತ್ರ, ಕೇಳಿ ಬಂದ ಮನೆಗಳವರಿಗೆ ಪೋರ್ಟ್ರೇಟ್. ನನ್ನ ಮಟ್ಟಿಗೆ ಎರಡೂ ಒಂದೇ ವಿದ್ಯೆ. ನಮ್ಮ ಮನೆಯ ಹಿರಿಯರನ್ನು ದೂರದಿಂದ ಬೆನ್ನು ನೋಡಿಯೇ ಗುರುತು ಹಿಡಿಯುತ್ತೇವೆ, ಅಲ್ವಾ? ಸೆರಗು ಹೊದೆಯುವ ರೀತಿ, ಪಂಚೆ ಎತ್ತಿ ಕಟ್ಟುವ ರೀತಿ, ಭುಜದ ಮೇಲಿನ ಟವೆಲ್. ಮುಖ ಕಾಣುವ ಮೊದಲೇ ಆಳು ಯಾರು ಅಂತ ಗೊತ್ತಾಗಿರುತ್ತದೆ. ಬಟ್ಟೆಯನ್ನು ಅಲಂಕಾರ ಅಂದುಕೊಂಡು ಕೊನೆಗೆ ತುಂಬಿದರೆ ಪೋರ್ಟ್ರೇಟ್ ಅರ್ಧಕ್ಕೇ ನಿಲ್ಲುತ್ತದೆ. ಉಟ್ಟವರನ್ನು ಮರೆತು ಬಟ್ಟೆ ಮಾತ್ರ ಬರೆದರೆ ಫ್ಯಾಷನ್ ಚಿತ್ರ ಅಂಗಡಿಯ ಬೊಂಬೆಯಾಗುತ್ತದೆ. ಇತ್ತೀಚೆಗೆ ಮಾಡಿದ ಎರಡು ಕೆಲಸ ಇಟ್ಟುಕೊಂಡು ಹೇಳುತ್ತೇನೆ.

ಮೊದಲನೆಯದು ಧಾರವಾಡದ ಒಂದು ಬೊಟಿಕ್‌ನ ಲುಕ್‌ಬುಕ್, ಅಂದರೆ ಅವರ ಉಡುಪುಗಳನ್ನು ತೋರಿಸುವ ಚಿತ್ರಪುಸ್ತಕ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ರವಿಕೆ, ಕೆಲವು ಸೀರೆಗಳ ಮೇಲೆ ಕಸೂತಿ. ಫೋಟೋ ಬದಲು ಜಲವರ್ಣದ ಚಿತ್ರವೇ ಬೇಕು ಅಂತ ಅವರು ಕೇಳಿದ್ದರು.

ಫ್ಯಾಷನ್ ಚಿತ್ರದ ಪುಸ್ತಕ ಯಾವುದನ್ನೇ ತೆರೆದರೂ ಮೊದಲ ಪಾಠ ಒಂಬತ್ತು ತಲೆಯ ಆಕೃತಿ. ಅಂದರೆ ನೆತ್ತಿಯಿಂದ ಗಲ್ಲದವರೆಗಿನ ಉದ್ದವನ್ನು ಒಂದು ಅಳತೆ ಮಾಡಿಕೊಂಡು, ಇಡೀ ದೇಹಕ್ಕೆ ಅಂಥ 9 ಅಳತೆ ಕೊಡುವುದು. ನಿಜವಾದ ಮನುಷ್ಯರ ಎತ್ತರ ಸುಮಾರು ಏಳೂವರೆ ತಲೆ. ಹೆಚ್ಚಾದ ಉದ್ದವೆಲ್ಲ ಬಹುಪಾಲು ಕಾಲಿಗೆ ಹೋಗುತ್ತದೆ. ಗೌನು, ಪ್ಯಾಂಟಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಸೀರೆಗೆ ಒಪ್ಪುವುದಿಲ್ಲ. ಸೀರೆಯಲ್ಲಿ ಕಾಲು ಕಾಣುವುದೇ ಇಲ್ಲವಲ್ಲ, ಎಳೆದ ಉದ್ದವೆಲ್ಲ ನಿರಿಗೆಗೆ ಸೇರಿ ನಿರಿಗೆ ಕಂಬವಾಗುತ್ತದೆ. ಇಳಕಲ್ ದಡಿ, ಅಂದರೆ ಸೀರೆಯ ಅಂಚು, ಎರಡೂವರೆಯಿಂದ ನಾಲ್ಕು ಇಂಚು ಅಗಲ. ಎಳೆದ ದೇಹದ ಮೇಲೆ ಅದು ಬರೀ ರಿಬ್ಬನ್ ಆಗಿ ಕಾಣುತ್ತದೆ. ಅದಕ್ಕೇ ನಾನು ಸೀರೆಯ ಚಿತ್ರಗಳಿಗೆ ಎಂಟು ತಲೆಗಿಂತ ಮೇಲೆ ಹೋಗುವುದಿಲ್ಲ. ಸೊಂಟ ನಿಜವಾದ ಜಾಗದಲ್ಲೇ ಇರುತ್ತದೆ. ಕುತ್ತಿಗೆಯನ್ನು ಮಾತ್ರ ಸ್ವಲ್ಪ ಉದ್ದ ಮಾಡುತ್ತೇನೆ. ಆಗ ರವಿಕೆಯ ಕತ್ತು ತೆರೆದು ಕಾಣುತ್ತದೆ, ಹಾಕಿದವರು ನಮ್ಮ ಊರಿನವರಾಗಿಯೇ ಉಳಿಯುತ್ತಾರೆ.

ಈಗ ನಿಮ್ಮ ತೊಂದರೆಗೆ ಬರುತ್ತೇನೆ. ಬಟ್ಟೆ ಗಟ್ಟಿಯಾಗಿ ಕಾಣಲು ಮುಖ್ಯ ಕಾರಣ ಅದರ ವಿನ್ಯಾಸವನ್ನು ಮೊದಲು ಬರೆಯುವುದು. ಮೊದಲು ಬರೆಯಬೇಕಾದದ್ದು ತೂಕ. ಬಟ್ಟೆ ಎಲ್ಲಿ ನೇತಾಡುತ್ತಿದೆ ಅಂತ ಹುಡುಕಿ. ಭುಜ, ಮೊಣಕೈ, ಸೊಂಟ, ಪಿನ್ ಹಾಕಿದ ಜಾಗ. ಮಡಿಕೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಆ ಜಾಗದಿಂದ ಕೆಳಕ್ಕೆ ಬರುವ ನಾಲ್ಕೈದು ದೊಡ್ಡ ಗೆರೆ ಸರಿಯಾದರೆ ಸಾಕು, ನೂರು ಸಣ್ಣ ಗೆರೆ ಬೇಕಿಲ್ಲ.

ಪ್ರತಿ ಬಟ್ಟೆಗೂ ಅದರದೇ ಬೀಳುವಿಕೆ ಇದೆ. ಮೈಸೂರು ರೇಷ್ಮೆ ಕ್ರೇಪ್, ನೂಲಿಗೆ ಹುರಿ ಜಾಸ್ತಿ, ಆದ್ದರಿಂದ ಅದು ಮೈಗೆ ಅಂಟಿ ಸಣ್ಣ ಸಣ್ಣ ಮಡಿಕೆಗಳಾಗಿ ಸಲೀಸಾಗಿ ಇಳಿಯುತ್ತದೆ. ಗಂಜಿ ಹಾಕಿದ ಹತ್ತಿ ಸೀರೆಯ ಮಡಿಕೆ ಕಡಿಮೆ, ಅಗಲ, ಮೂಲೆಗಳು ಚೂಪು. ಖಣ ಬಿಗಿಯಾದ ಬಟ್ಟೆ. ರವಿಕೆಯಾಗಿ ಹೊಲಿದರೆ ತೋಳಿನ ಹತ್ತಿರ ಮುರಿದು ನಿಲ್ಲುತ್ತದೆ, ಮೈಯ ಉಬ್ಬುತಗ್ಗನ್ನೆಲ್ಲ ಹಿಂಬಾಲಿಸುವುದಿಲ್ಲ. ಖಣದ ರವಿಕೆಯನ್ನು ಮೆತ್ತಗೆ ಬರೆದರೆ ಅದನ್ನು ಹಾಕಿಕೊಂಡು ಬೆಳೆದ ನಮ್ಮ ಕಡೆಯ ಹೆಂಗಸರು ಒಂದು ಕ್ಷಣದಲ್ಲಿ ಸುಳ್ಳು ಹಿಡಿಯುತ್ತಾರೆ.

ಇಳಕಲ್ ಇನ್ನೂ ಸೂಕ್ಷ್ಮ. ಅದರ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಹೆಚ್ಚಾಗಿ ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ನೇಕಾರರ ಈ ಕೊಂಡಿ ಚಿತ್ರ ಬರೆಯುವವರಿಗೂ ಮುಖ್ಯ. ಯಾಕೆಂದರೆ ಆ ಜಾಗದಿಂದ ಮುಂದೆ ಹೊಳಪು ಬದಲಾಗುತ್ತದೆ. ಒಡಲು ಬೆಳಕನ್ನು ಹೀರಿಕೊಳ್ಳುತ್ತದೆ, ಸೆರಗು ಬೆಳಕನ್ನು ವಾಪಸ್ ಕೊಡುತ್ತದೆ. ಒಡಲಿಗೆ ನಾನು ಒದ್ದೆ ಕಾಗದದ ಮೇಲೆ ಒಂದೇ ತೆಳುಬಣ್ಣ ಕೊಟ್ಟು ಬಿಡುತ್ತೇನೆ. ಸೆರಗಿಗೆ ಕಾಗದ ಒಣಗಿಸಿ, ಕಡುಗೆಂಪನ್ನು ಎರಡು ಪದರ ಹಾಕಿ, ಹೊಳಪು ಇರುವಲ್ಲಿ ಕಾಗದದ ಬಿಳಿಯನ್ನೇ ಬಿಡುತ್ತೇನೆ. ಸಾಂಪ್ರದಾಯಿಕ ತೋಪು ತೆನಿ ಸೆರಗಿನಲ್ಲಿ ಮೂರು ಕೆಂಪು ಭಾಗ, ನಡುವೆ ಎರಡು ಬಿಳಿ ಭಾಗ. ಈ ಲೆಕ್ಕ ತಪ್ಪಬಾರದು. ಒಡಲಿನ ಸಣ್ಣ ಚೌಕುಳಿಯನ್ನು ಮಾತ್ರ ಎಲ್ಲ ಕಡೆ ತುಂಬುವುದಿಲ್ಲ. ನೆರಳು ಶುರುವಾಗುವ ಜಾಗದಲ್ಲಿ ಸ್ವಲ್ಪ ಬರೆದು, ಮಡಿಕೆ ತಿರುಗಿದ ಕಡೆ ಗೆರೆಯನ್ನೂ ತಿರುಗಿಸಿ, ಬೆಳಕಿನಲ್ಲಿ ಖಾಲಿ ಬಿಡುತ್ತೇನೆ. ನೋಡುವವರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಕಸೂತಿಗೆ ಬೇರೆಯೇ ಶಿಸ್ತು ಬೇಕು. ಅದನ್ನು ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳದೆ, ಎಳೆ ಎಣಿಸಿ ಹಾಕುತ್ತಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಎರಡೂ ಮುಂದೆ ಹಿಂದೆ ಒಂದೇ ಥರ ಕಾಣುತ್ತವೆ. ಎಳೆ ಎಣಿಸಿ ಹಾಕುವುದರಿಂದ ಅದರ ಗೆರೆಗಳು ಅಡ್ಡ, ಉದ್ದ, ಓರೆ ಮಾತ್ರ. ಗುಂಡನೆಯ ಗೆರೆ ಬರುವುದಿಲ್ಲ. ಕಸೂತಿಯ ಗೋಪುರ, ಆನೆ, ತೇರು, ತುಳಸಿಕಟ್ಟೆಗಳನ್ನು ಬಾಗಿದ ಗೆರೆಯಲ್ಲಿ ಬರೆದ ಚಿತ್ರಗಳನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಕೈಯಲ್ಲಿ ಎಣಿಸಿ ಹಾಕಿದವರ ಲೆಕ್ಕವನ್ನೇ ಅಳಿಸಿದ ಹಾಗೆ ಅದು. ಲುಕ್‌ಬುಕ್‌ನಲ್ಲಿ ಪೂರ್ತಿ ಆಕೃತಿಯ ಮೇಲೆ ಕಸೂತಿಯನ್ನು ಚುಕ್ಕಿಗಳಲ್ಲಿ ಸೂಚಿಸಿದೆ. ಪಕ್ಕದಲ್ಲಿ ಒಂದು ಗೋಪುರವನ್ನು ಮಾತ್ರ ದೊಡ್ಡದಾಗಿ, ಗ್ರಾಫ್ ಹಾಳೆಯಲ್ಲಿ ಎಣಿಸಿ ಬರೆದೆ.

ಎರಡನೆಯ ಕೆಲಸ ಪೋರ್ಟ್ರೇಟ್. ತೀರಿಹೋದ ಅಪ್ಪ ಅವ್ವನನ್ನು ಒಂದೇ ಚಿತ್ರದಲ್ಲಿ ನೋಡಬೇಕು ಅಂತ ಒಂದು ಮನೆಯ ಮಕ್ಕಳು ಬಂದರು. ಅವರಿಬ್ಬರೂ ಜೊತೆಗಿರುವ ಒಂದು ಫೋಟೋನೂ ಇರಲಿಲ್ಲ. ಅಪ್ಪನದು ಗುರುತಿನ ಚೀಟಿಗೆ ತೆಗೆಸಿದ ಫೋಟೋ. ಅವ್ವನದು ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮುಖ. ಇಂಥ ಕೆಲಸ ನನಗೆ ತುಂಬ ಬರುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಿಂದಿನ ತಲೆಮಾರಿನ ಹೆಂಗಸರ ಫೋಟೋ ಇಷ್ಟೇ ಇರುವುದು.

ಇಲ್ಲಿ ಮೊದಲ ಸಮಸ್ಯೆ ಬೆಳಕು. ಅಪ್ಪನ ಫೋಟೋದಲ್ಲಿ ಫ್ಲ್ಯಾಶ್ ನೇರ ಎದುರಿಗೆ, ಮುಖ ಚಪ್ಪಟೆ. ಅವ್ವನ ಮೇಲೆ ಎಡಗಡೆಯಿಂದ ಬಿಸಿಲು. ಇದ್ದಂತೆ ಪಕ್ಕಪಕ್ಕ ಇಟ್ಟರೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಇದ್ದಂತೆ ಕಾಣುತ್ತದೆ. ಎಡಗಡೆಯ ಬೆಳಕನ್ನೇ ಇಬ್ಬರಿಗೂ ಇಟ್ಟುಕೊಂಡೆ. ಅಪ್ಪನ ಮೂಗಿನ ನೆರಳು ಕೆನ್ನೆಯ ಮೇಲೆ ಎಲ್ಲಿಯವರೆಗೆ ಬೀಳುತ್ತದೆ ಅಂತ ಊಹೆ ಮಾಡುವ ಬದಲು, ಅವರದೇ ಮುಖಕಟ್ಟಿನ ಹಿರಿಮಗನನ್ನು ಕಿಟಕಿಯ ಹತ್ತಿರ ಕೂರಿಸಿ ಫೋಟೋ ತೆಗೆದುಕೊಂಡೆ. ಮೂಳೆಯ ಆಕಾರ ಒಂದೇ ಇದ್ದುದರಿಂದ ನೆರಳೂ ಹೊಂದಿತು. ಹಳೇ ಫೋಟೋದಿಂದ ಬರೆಯುವವರು ಈ ಉಪಾಯ ಬಳಸಿ ನೋಡಿ.

ಆಮೇಲೆ ಸೀರೆ. ಗುಂಪು ಫೋಟೋ ಕಪ್ಪು ಬಿಳುಪು. ಬಣ್ಣ ಕೇಳಿದರೆ ಒಬ್ಬ ಮಗಳು ಹಸಿರು ಅಂದರು, ಇನ್ನೊಬ್ಬರು ನೇರಳೆ ಅಂದರು. ಮಾತು ಬೆಳೆದು ಕೊನೆಗೆ ಟ್ರಂಕಿನಿಂದ ಸೀರೆಯೇ ಹೊರಗೆ ಬಂತು. ಗೋಮಿ ಅನ್ನುವ ವಿನ್ಯಾಸದ ದಡಿ ಇರುವ ಇಳಕಲ್. ಒಂದು ಕಡೆಯಿಂದ ನೋಡಿದರೆ ಹಸಿರು, ಇನ್ನೊಂದು ಕಡೆಯಿಂದ ನೇರಳೆ. ಹಾಸಿನ ಎಳೆಗೆ ಒಂದು ಬಣ್ಣ, ಅಡ್ಡ ಹೋಗುವ ಹೊಕ್ಕಿನ ಎಳೆಗೆ ಇನ್ನೊಂದು. ಅದನ್ನು ಮಗಳಿಗೆ ಉಡಿಸಿ, ಅವ್ವ ಹೇಗೆ ಸೆರಗು ತಲೆಮೇಲೆ ಹೊದ್ದು ತುದಿಯನ್ನು ಬಲಗೈಯಲ್ಲಿ ಹಿಡಿಯುತ್ತಿದ್ದರೋ ಹಾಗೇ ನಿಲ್ಲಿಸಿ ಸ್ಕೆಚ್ ಮಾಡಿದೆ. ಮುಖದ ಜಾಗ ಇನ್ನೂ ಖಾಲಿ ಇದ್ದ ಸ್ಕೆಚ್ಚನ್ನು ವಾಟ್ಸಾಪ್‌ನಲ್ಲಿ ಕಳಿಸಿದಾಗ ದೊಡ್ಡ ಮಗಳು ಫೋನ್ ಮಾಡಿ, "ಇದು ನಮ್ಮವ್ವನೇ ರೀ" ಅಂದರು. ಬಟ್ಟೆಯೂ ಮನುಷ್ಯರ ಹೋಲಿಕೆಯ ಭಾಗ ಅಂತ ಮೇಲೆ ಹೇಳಿದ್ದು ಈ ಅನುಭವದಿಂದಲೇ.

ಮೈಬಣ್ಣದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಪೋರ್ಟ್ರೇಟ್ ಕೇಳುವವರು ಸುಮಾರು ಜನ "ಸ್ವಲ್ಪ ಬೆಳ್ಳಗೆ ಮಾಡ್ರಿ" ಅನ್ನುತ್ತಾರೆ. ನಾನು ಮಾಡುವುದಿಲ್ಲ. ಕಾರಣವನ್ನು ಚಿತ್ರದಲ್ಲೇ ತೋರಿಸುತ್ತೇನೆ. ಕಂದು ಮೈಯನ್ನು ಕಪ್ಪು ಬಣ್ಣ ಬೆರೆಸಿ ಬರೆದರೆ ಮುಖ ಬೂದಿಯಾಗುತ್ತದೆ, ಅದನ್ನು ನೋಡಿಯೇ ಜನ ಬೆಳ್ಳಗೆ ಮಾಡಿ ಅನ್ನುವುದು. ಕಪ್ಪು ಟ್ಯೂಬನ್ನು ಪಕ್ಕಕ್ಕಿಡಿ. ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣು ಹಳದಿ), ನೆರಳಿಗೆ ಅಲ್ಟ್ರಾಮರೀನ್ ನೀಲಿ, ಕೆನ್ನೆ ಕಿವಿಗಳಿಗೆ ಸ್ವಲ್ಪ ಕೆಂಪು. ಕಿಟಕಿಯ ಬೆಳಕಿನಲ್ಲಿ ಕಪ್ಪು ಮೈಯ ಹೊಳಪು ಬಿಳಿಯಲ್ಲ, ಆಕಾಶದ ತೆಳು ನೀಲಿ. ಅದನ್ನು ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಇಟ್ಟರೆ ಮುಖಕ್ಕೆ ಜೀವ ಬರುತ್ತದೆ. ಹೀಗೆ ಮಾಡಿದ ಚಿತ್ರ ತೋರಿಸಿದ ಮೇಲೆ ಬೆಳ್ಳಗೆ ಮಾಡಿ ಅಂತ ಮತ್ತೆ ಕೇಳುವವರು ಅಪರೂಪ.

ಫೋಟೋ ಇರುವಾಗ ಚಿತ್ರ ಯಾರಿಗೆ ಬೇಕು ಅಂತ ನಿಮ್ಮ ಮನಸ್ಸಿನಲ್ಲೂ ಇರಬಹುದು. ಈ ಮಾತು ಹೊಸದಲ್ಲ. ವೋಗ್ ಅನ್ನುವ ಫ್ಯಾಷನ್ ಪತ್ರಿಕೆಯ ಮುಖಪುಟಗಳು ಬಹಳ ಕಾಲ ಕೈಯಲ್ಲಿ ಬರೆದ ಚಿತ್ರಗಳೇ ಆಗಿದ್ದವು. 1932ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ತೆಗೆದ ಬಣ್ಣದ ಫೋಟೋ ಮುಖಪುಟವಾದ ಮೇಲೆ ನಿಧಾನಕ್ಕೆ ಫೋಟೋ ಜಾಸ್ತಿಯಾಯಿತು. ಆದರೂ 1947ರಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಡಿಯೋರ್ ತನ್ನ ಹೊಸ ಉಡುಪುಗಳನ್ನು ತಂದಾಗ ಅವುಗಳಿಗೆ ಚಿತ್ರಕಾರ ರೆನೆ ಗ್ರುವೋ ಕುಂಚದ ಕೆಲವೇ ಗೆರೆಗಳಲ್ಲಿ ರೂಪ ಕೊಟ್ಟ. ನಮ್ಮಲ್ಲೂ ವಾರಪತ್ರಿಕೆಗಳ ಕಥೆ, ಧಾರಾವಾಹಿಗಳ ಪಾತ್ರಗಳನ್ನು ನಾವು ನೋಡಿದ್ದು ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅವರಂಥವರ ಗೆರೆಗಳಲ್ಲಿ. ಫೋಟೋ ಎಲ್ಲವನ್ನೂ ತೋರಿಸುತ್ತದೆ. ಚಿತ್ರ ಬರೆಯುವವರು ಬೇಕಾದದ್ದನ್ನು ಮಾತ್ರ ಆರಿಸುತ್ತಾರೆ. ಬೊಟಿಕ್‌ನವರು ದುಡ್ಡು ಕೊಡುವುದು ಆ ಆಯ್ಕೆಗೇ.

ದುಡ್ಡಿನ ಮಾತು ಬಂತು, ಫ್ರೀಲಾನ್ಸ್ ಮಾಡುವ ಆಸೆ ಇದ್ದರೆ ಇದನ್ನೂ ತಿಳಿದಿರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ ಅಥವಾ ಪೋರ್ಟ್ರೇಟ್‌ನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ತುಂಬ ಕಲಾವಿದರು ಹಕ್ಕು ತಮ್ಮದೇ ಅಂದುಕೊಂಡಿರುತ್ತಾರೆ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಚಿತ್ರವನ್ನು ಅವರು ಎಲ್ಲೆಲ್ಲಿ, ಎಷ್ಟು ವರ್ಷ ಬಳಸಬಹುದು, ನಿಮ್ಮ ಕೆಲಸದ ಮಾದರಿ ಅಂತ ನೀವು ತೋರಿಸಬಹುದಾ, ತಿದ್ದುಪಡಿ ಎಷ್ಟು ಸಲ. ಹಕ್ಕು ಬಿಟ್ಟುಕೊಟ್ಟರೂ 57ನೇ ಸೆಕ್ಷನ್ ನಿಮ್ಮ ಕೈಬಿಡುವುದಿಲ್ಲ. ಕೃತಿ ನಿಮ್ಮದು ಅಂತ ಹೇಳಿಕೊಳ್ಳುವ ಹಕ್ಕು ನಿಮಗೇ ಇರುತ್ತದೆ. ನಾನು ಮನೆಯವರ ಪೋರ್ಟ್ರೇಟ್‌ಗಳನ್ನು ಅವರು ಒಪ್ಪಿದರೆ ಮಾತ್ರ ಹೊರಗೆ ತೋರಿಸುತ್ತೇನೆ. ಮೇಲೆ ಹೇಳಿದ ಅಪ್ಪ ಅವ್ವನ ಚಿತ್ರ ಅವರ ಪಡಸಾಲೆಯಲ್ಲೇ ಇದೆ, ನನ್ನ ಇನ್‌ಸ್ಟಾಗ್ರಾಂನಲ್ಲಿ ಇಲ್ಲ.

ಸಾಮಾನಿನ ವಿಷಯ ಚಿಕ್ಕದು. ಪೂರ್ತಿ ಹತ್ತಿಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ತೆಗೆದುಕೊಳ್ಳಿ. ಮುಖಕ್ಕೆ ನುಣುಪು ಹಾಳೆ, ಬಟ್ಟೆಗೆ ಸ್ವಲ್ಪ ತರಿ ಇರುವ ಹಾಳೆ ನನಗೆ ಅನುಕೂಲ. ಬಣ್ಣದಲ್ಲಿ ಉಳಿತಾಯ ಮಾಡಿದರೂ ಕಾಗದದಲ್ಲಿ ಮಾಡಬೇಡಿ. ಪ್ರಿಂಟಿಗೆ ಹೋಗುವ ಕೆಲಸವಾದರೆ ಮೊದಲು ಒಂದು ಪ್ರೂಫ್ ತೆಗೆಸಿ. ಪರದೆಯ ಮೇಲೆ ಉರಿಯುವ ಇಳಕಲ್ ಕೆಂಪು ಸಿಎಂವೈಕೆ ಮುದ್ರಣದಲ್ಲಿ, ಅಂದರೆ ನಾಲ್ಕು ಶಾಯಿ ಬೆರೆಸುವ ಮಾಮೂಲಿ ಮುದ್ರಣದಲ್ಲಿ, ಮಂಕಾಗುತ್ತದೆ.

ಜರಿ ಬರೆಯಲು ಬಂಗಾರದ ಬಣ್ಣದ ಡಬ್ಬಿ ಕೊಳ್ಳಬೇಡಿ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ನಿಜವಾದ ಚಿನ್ನದ ರೇಕು ಅಂಟಿಸುತ್ತಾರೆ, ಅದರ ಸೊಗಸೇ ಬೇರೆ. ಜಲವರ್ಣದಲ್ಲಿ ಜರಿ ಅಂದರೆ ಕಂದು, ಅದರ ಪಕ್ಕ ಹಳದಿ, ನಡುವೆ ಒಂದೆರಡು ಬಿಳಿ ಚುಕ್ಕಿ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತು, ಮುಖಗಳನ್ನು ಬಿಟ್ಟು ಸೀರೆಯ ಅಂಚುಗಳನ್ನೇ ನೋಡಿ.

ಈ ವಾರ ನೀವು ಮಾಡಬಹುದಾದ ಅಭ್ಯಾಸ ಒಂದಿದೆ. ಬಿಳಿ ಪಂಚೆಯೊಂದನ್ನು ಕುರ್ಚಿಯ ಬೆನ್ನಿಗೆ ಹಾಕಿ, ಒಂದೇ ಕಡೆಯಿಂದ ದೀಪ ಇಡಿ. ಗೆರೆ ಹಾಕದೆ ನೆರಳನ್ನು ಮಾತ್ರ ಪೆನ್ಸಿಲ್‌ನಲ್ಲಿ ತುಂಬಿ. ಆಮೇಲೆ ಅದೇ ಜಾಗದಲ್ಲಿ ರೇಷ್ಮೆ ಸೀರೆ, ಅದಾದ ಮೇಲೆ ಟರ್ಕಿ ಟವೆಲ್. ಮೂರನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾವ ಬಟ್ಟೆ ಅಂತ ಮನೆಯಲ್ಲಿ ಯಾರನ್ನಾದರೂ ಕೇಳಿ. ಅವರು ಸರಿಯಾಗಿ ಹೇಳಿದ ದಿನ ನಿಮಗೆ ಚೆನ್ನಾಗಿ ಬರುವ ಆ ಮುಖಗಳಲ್ಲಿ ಒಂದಕ್ಕೆ ಸೆರಗು ಹೊದಿಸಿ. ಬರೆದದ್ದನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.