ಗ್ಲಾಕ್ 19 ಇದ್ದವರು ಅಭ್ಯಾಸಕ್ಕೆಂದು .22ರ ಗ್ಲಾಕ್ 44 ಕೊಳ್ಳಬಹುದೇ? ನಂಬಬಹುದಾದ ಪಿಸ್ತೂಲೇ ಅದು?

ನೀವು ಟೆಕ್ಸಸ್‌ನಲ್ಲಿದ್ದೀರಿ, ಕೈಯಲ್ಲಿ 9 ಎಂಎಂ ಗ್ಲಾಕ್ 19 ಇದೆ, ಗುಂಡಿನ ಖರ್ಚು ಇಳಿಸಲು ಅದರ .22 ತಮ್ಮನಂತಿರುವ ಗ್ಲಾಕ್ 44 ಕೊಳ್ಳುವ ಯೋಚನೆ. ಆದರೆ ಒಬ್ಬರು ‘ಸಾವಿರ ಹೊಡೆದೆ, ಒಂದೂ ಕೈಕೊಡಲಿಲ್ಲ’ ಅಂದರೆ ಇನ್ನೊಬ್ಬರು ‘ಮ್ಯಾಗಝೀನ್‌ಗೊಂದು ಸಿಕ್ಕಿಬೀಳುತ್ತೆ’ ಅನ್ನುತ್ತಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. .22ರಂಥ ರಿಮ್‌ಫೈರ್‌ನಲ್ಲಿ, ಅಂದರೆ ತೋಟಾದ ತಳದ ಅಂಚಿಗೆ ಬಡಿದು ಸಿಡಿಸುವ ಬಗೆಯಲ್ಲಿ, ಪಿಸ್ತೂಲೊಂದನ್ನೇ ತೂಗಿ ನೋಡಲು ಬರುವುದಿಲ್ಲ. ಪಿಸ್ತೂಲು, ಮ್ಯಾಗಝೀನ್, ತೋಟಾ ಮೂರನ್ನೂ ಒಟ್ಟಿಗೇ ತೂಗಬೇಕು.

ಮೊದಲು ತೋಟಾ. 9 ಎಂಎಂನಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ತಳದ ನಡುವೆ ಪ್ರತ್ಯೇಕ ಬಟ್ಟಲಿನಲ್ಲಿ ಕೂತಿರುತ್ತದೆ. .22ರಲ್ಲಿ ಆ ರಾಸಾಯನಿಕ ತಳದ ಅಂಚಿನೊಳಗೆ, ಅಂದರೆ ರಿಮ್‌ನ ಮಡಿಕೆಯೊಳಗೆ ಸುತ್ತಲೂ ಹರಡಿರಬೇಕು. ಎಲ್ಲೋ ಒಂದು ಕಡೆ ಅದು ತಲುಪದೆ, ಪಿನ್ ಅಲ್ಲಿಗೇ ಬಡಿದರೆ ‘ಟಿಕ್’ ಅನ್ನುತ್ತದೆ, ಅಷ್ಟೇ. ಇದು ಪಿಸ್ತೂಲಿನ ತಪ್ಪಲ್ಲ. ಕಂಡುಹಿಡಿಯುವುದೂ ಸುಲಭ: ಟಿಕ್ ಎಂದಮೇಲೆ ನಳಿಗೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾಯಿರಿ, ತೋಟಾ ತಡವಾಗಿಯೂ ಸಿಡಿಯಬಹುದು. ಆಮೇಲೆ ಹೊರತೆಗೆದು ರಿಮ್ ಮೇಲಿನ ಗುರುತು ನೋಡಿ. ಗುರುತು ಆಳವಾಗಿದ್ದು, ತೋಟಾವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದಾಗ ಸಿಡಿದರೆ ದೋಷ ತೋಟಾದ್ದು. ಗುರುತು ತೆಳುವಾಗಿದ್ದರೆ ಚೇಂಬರ್, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಗೂಡು, ಕೊಳೆಯಾಗಿದೆಯೇ ನೋಡಿ. ಮೇಣ, ಸೀಸ, ಮಸಿ ಕಟ್ಟಿ ತೋಟಾ ಪೂರ್ತಿ ಒಳಗೆ ಕೂರದಿದ್ದರೆ, ಅದನ್ನು ಮುಂದಕ್ಕೆ ತಳ್ಳುವುದರಲ್ಲೇ ಪಿನ್ನಿನ ಬಲ ಮುಗಿದುಹೋಗುತ್ತದೆ. ‘ಪಿನ್ ಸ್ಪ್ರಿಂಗ್ ದುರ್ಬಲ’ ಎಂದು ಕಂಪನಿಗೆ ವಾಪಸು ಕಳಿಸುವ ಮುನ್ನ ಒಂದು ಹಿತ್ತಾಳೆ ಬ್ರಷ್ ಹಾಕಿ ನೋಡಿ.

ಇನ್ನು ಪಿಸ್ತೂಲು. 2019ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಈ 44, ಗ್ಲಾಕ್‌ನ ಮೊದಲ ರಿಮ್‌ಫೈರ್. ಹೊರ ಅಳತೆ 19ರದ್ದೇ, ಆದರೆ ತೂಕ ಸುಮಾರು 360 ಗ್ರಾಂ. 19 ಹತ್ತಿರಹತ್ತಿರ 600. ಕಾರಣ ಸ್ಲೈಡ್, ಅಂದರೆ ಪ್ರತಿ ಗುಂಡಿಗೂ ಹಿಂದೆಮುಂದೆ ಸರಿಯುವ ಮೇಲ್ಭಾಗ. ಇದು ಬ್ಲೋಬ್ಯಾಕ್ ಪಿಸ್ತೂಲು, ನಳಿಗೆಗೂ ಸ್ಲೈಡಿಗೂ ಬೀಗ ಇಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗ್ ಎರಡೇ ಒತ್ತಡವನ್ನು ತಡೆದು ಹಿಡಿಯಬೇಕು. .22ರ ಸಣ್ಣ ಹೊಡೆತಕ್ಕೆ ಪೂರ್ತಿ ಉಕ್ಕಿನ ಸ್ಲೈಡ್ ಹಿಂದಕ್ಕೆ ಹೋಗಲಾರದು ಎಂದು ಉಕ್ಕು ಮತ್ತು ಪಾಲಿಮರ್ ಬೆರೆಸಿ ಮಾಡಿದ್ದಾರೆ. ಹಾಗಾಗಿ ಹೊಡೆತ ಕಡಿಮೆಯಾದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ, ಖಾಲಿ ಕೋಶ ಹೊರಬೀಳದೆ ಕಿಂಡಿಯಲ್ಲೇ ನಿಂತುಕೊಳ್ಳುತ್ತದೆ. ಹೊಸದರಲ್ಲಿ ಸ್ಪ್ರಿಂಗ್ ಬಿಗಿಯಾಗಿರುವುದರಿಂದ ಮೊದಲ 200 ಗುಂಡಿಗೆ 40 ಗ್ರೇನ್‌ನ (ಗ್ರೇನ್ ಗುಂಡಿನ ತೂಕದ ಅಳತೆ), ತಾಮ್ರ ಲೇಪಿಸಿದ, ವೇಗದ ತೋಟಾ ಬಳಸಿ. ಸಿಸಿಐ ಮಿನಿ-ಮ್ಯಾಗ್ (ಸೆಕೆಂಡಿಗೆ 1235 ಅಡಿ) ಒಳ್ಳೆಯ ಅಳತೆಗೋಲು. ಅದರಲ್ಲೂ ಎಡವಿದರೆ ಪಿಸ್ತೂಲನ್ನು ಅನುಮಾನಿಸಬಹುದು. 1070 ಅಡಿಯ ಸ್ಟ್ಯಾಂಡರ್ಡ್ ತೋಟಾದಲ್ಲಿ ಎಡವಿದರೆ ಅದು ದೂರಲ್ಲ.

ಮ್ಯಾಗಝೀನ್ ವಿಷಯದಲ್ಲಿ ಬಹಳ ಜನ ತಾವೇ ತೊಂದರೆ ತಂದುಕೊಳ್ಳುತ್ತಾರೆ. 44ರ 10 ತೋಟಾದ ಮ್ಯಾಗಝೀನ್‌ಗೆ ಪಕ್ಕದಲ್ಲಿ ಗುಬಟುಗಳಿವೆ. ಅವನ್ನು ತಳದವರೆಗೂ ಎಳೆದು ತೋಟಾಗಳನ್ನು ಕಡಲೆಕಾಯಿ ಸುರಿದಂತೆ ಸುರಿದರೆ ಮೇಲಿನ ತೋಟಾದ ರಿಮ್ ಕೆಳಗಿನದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ಲೈಡ್ ಎಷ್ಟು ತಳ್ಳಿದರೂ ಅದು ಮುಂದೆ ಹೋಗದು. ಒಂದು ತೋಟಾದಷ್ಟೇ ಕೆಳಗೆಳೆದು ಒಂದನ್ನು ಹಾಕಿ, ಮತ್ತೆ ಎಳೆಯಿರಿ. ಹೊಸ ತೋಟಾದ ರಿಮ್ ಕೆಳಗಿನದಕ್ಕಿಂತ ಮುಂದಿರಬೇಕು.

ಪರೀಕ್ಷೆ ಹೀಗಿರಲಿ: ಮೂರು ಬಗೆಯ ತೋಟಾ, ಎರಡು ಮ್ಯಾಗಝೀನ್, ಒಟ್ಟು 500 ಗುಂಡು. ಮ್ಯಾಗಝೀನ್‌ಗಳಿಗೆ 1, 2 ಎಂದು ಬರೆಯಿರಿ. ಪ್ರತಿ ತೊಡಕನ್ನೂ ಯಾವ ಮ್ಯಾಗಝೀನ್, ಯಾವ ತೋಟಾ, ಎಷ್ಟನೆಯ ಗುಂಡು, ಟಿಕ್ಕೋ, ಒಳಗೆ ಹೋಗಲಿಲ್ಲವೋ, ಹೊರಬರಲಿಲ್ಲವೋ ಎಂದು ಗುರುತು ಹಾಕಿ. ತೊಡಕೆಲ್ಲ 2ನೇ ಮ್ಯಾಗಝೀನ್‌ನದ್ದೇ ಆದರೆ ಅದನ್ನಷ್ಟೇ ಬದಲಿಸಿ. 300 ದಾಟಿದ ಮೇಲೆ ಮಾತ್ರ ಹೆಚ್ಚುತ್ತಿದ್ದರೆ ಅದು ಕೊಳೆ. ಅಂಥ ಪಿಸ್ತೂಲಿಗೆ 300ಕ್ಕೊಮ್ಮೆ ಚೇಂಬರ್ ಮತ್ತು ಖಾಲಿ ಕೋಶವನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಕೆಳಗೆ ಉಜ್ಜಿದರೆ ಸಾಕು. ಎಣ್ಣೆ ಸುರಿಯಬೇಡಿ, ಮಸಿ ಅದಕ್ಕೇ ಅಂಟಿಕೊಳ್ಳುತ್ತದೆ. ‘ಪುಸ್’ ಎಂದು ಸಪ್ಪೆ ಸದ್ದು ಬಂದರೆ ಮಾತ್ರ ಬರೆಯುವುದು ಆಮೇಲೆ: ತಕ್ಷಣ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿಲ್ಲವೆಂದು ಕಡ್ಡಿ ಹಾಕಿ ನೋಡಿ.

ಈ ಲೆಕ್ಕದಿಂದಲೇ ಬೇರೆಯವರ ಮಾತನ್ನೂ ತೂಗಬಹುದು. 300 ಗುಂಡಿನಲ್ಲಿ ಒಂದೂ ತೊಡಕಿಲ್ಲ ಎಂದರೆ, 3ನ್ನು 300ರಿಂದ ಭಾಗಿಸಿ: ನಿಜವಾದ ತೊಡಕಿನ ಪ್ರಮಾಣ ಶೇ. 1ರವರೆಗೂ ಇರಲು ಸಾಧ್ಯ, ಅದಕ್ಕಿಂತ ಹೆಚ್ಚಿಲ್ಲವೆಂದು ಶೇ. 95ರ ಭರವಸೆಯಲ್ಲಿ ಹೇಳಬಹುದು. ಒಂದೇ ಡಬ್ಬಿ 50 ಹೊಡೆದು ‘ಸೂಪರ್’ ಎಂದವರ ವಿಮರ್ಶೆಗೆ ಬೆಲೆ ಇಲ್ಲ, ಅದರಿಂದ ಶೇ. 6ರವರೆಗಿನ ತೊಡಕನ್ನೂ ತಳ್ಳಿಹಾಕಲು ಆಗದು. ಅಭ್ಯಾಸದ .22ಗೆ ನೂರಕ್ಕೊಂದು ತೊಡಕನ್ನು ನಾನು ಒಪ್ಪಿಕೊಳ್ಳುತ್ತೇನೆ. ಮನೆಯ ರಕ್ಷಣೆಗೆ ಇಟ್ಟ ಪಿಸ್ತೂಲಿಗೆ ಖಂಡಿತ ಒಪ್ಪುವುದಿಲ್ಲ.

ಹಣದ ಲೆಕ್ಕ: .22 ಒಂದಕ್ಕೆ 9 ಸೆಂಟ್, 9 ಎಂಎಂ ಒಂದಕ್ಕೆ 25 ಸೆಂಟ್ ಎಂದಿಟ್ಟುಕೊಳ್ಳಿ, ನಿಮ್ಮ ಅಂಗಡಿಯ ಬೆಲೆ ಹಾಕಿ ತಿದ್ದಿಕೊಳ್ಳಿ. ಉಳಿತಾಯ 16 ಸೆಂಟ್. ಪಿಸ್ತೂಲು 400 ಡಾಲರ್‌ಗೆ ಸಿಕ್ಕರೆ 2500 ಗುಂಡಿಗೆ ಅಸಲು ಬರುತ್ತದೆ. ವಾರಕ್ಕೆ 100 ಹೊಡೆದರೆ ಆರು ತಿಂಗಳು, ತಿಂಗಳಿಗೆ 100 ಆದರೆ ಎರಡು ವರ್ಷ ದಾಟುತ್ತದೆ. ತಿಂಗಳಿಗೊಮ್ಮೆ ರೇಂಜ್‌ಗೆ ಹೋಗುವವರು ಆ ದುಡ್ಡಿಗೆ 9 ಎಂಎಂ ತೋಟಾವನ್ನೇ ಕೊಳ್ಳುವುದು ಜಾಣತನ.

ನೀವು ವಾರವಾರ ಹೋಗುವವರಾದರೆ ಕೊಳ್ಳಿ. ಹಿಡಿಯ ಕೋನ, ಟ್ರಿಗರ್, ಹೋಲ್ಸ್ಟರ್ 19ರೊಂದಿಗೆ ಹೊಂದುವುದೇ ಇದರ ನಿಜವಾದ ಬೆಲೆ. ಟಾರಸ್ ಟಿಎಕ್ಸ್22ಗೆ 16 ತೋಟಾ ಹಿಡಿಯುತ್ತದೆ, ರೂಗರ್ ಮಾರ್ಕ್ 4ರ ನಳಿಗೆ ಕದಲದೆ ಕೂತಿರುವುದರಿಂದ ಗುರಿಯೂ ಚೊಕ್ಕ. ಆದರೆ ಇವೆರಡೂ ನಿಮ್ಮ ಕೈಗೆ ಬೇರೆ ಪಾಠ ಕಲಿಸುತ್ತವೆ. .22 ಹಿಂದೊದೆತ ತಡೆಯುವುದನ್ನು ಕಲಿಸುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಕೊನೆಯ 50 ಗುಂಡು 19ರಲ್ಲೇ ಇರಲಿ. ಖಾಲಿ ಟ್ರಿಗರ್ ಅಭ್ಯಾಸವನ್ನೂ 19ರಲ್ಲೇ ಮಾಡಿ, ತೋಟಾ ಬೇರೆ ಕೋಣೆಯಲ್ಲಿರಲಿ. ರಿಮ್‌ಫೈರ್‌ಗಳಲ್ಲಿ ತೋಟಾ ಇಲ್ಲದಾಗ ಪಿನ್ ಚೇಂಬರಿನ ಅಂಚಿಗೇ ಬಡಿದು ಅದನ್ನು ಜಜ್ಜುವ ಅಪಾಯ ಇರುತ್ತದೆ.

ಇದನ್ನು ಓದುವ ಬೇರೆ ಕನ್ನಡಿಗರಿಗೆ ಒಂದು ಮಾತು: ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಅಮೆರಿಕದಲ್ಲಿ ಇರುವವರು ಬಂದೂಕನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.